ಇಪ್ಪತ್ತನಾಲ್ಕು ಬಿಳಿ ಕೋಟು, ಒಂದು ಮಂಡಿ

ಬಿಳಿ ಬಟ್ಟೆ ಮೆಷಿನ್ ಮೇಲಿರುವಷ್ಟು ದಿನ ಎಣ್ಣೆ ಡಬ್ಬಿ ಅಂಗಡಿಯ ಹೊಸ್ತಿಲು ದಾಟಕೂಡದು. ಇದು ದರ್ಜಿ ಮಾಸ್ಟರು ಇಪ್ಪತ್ತೆಂಟು ವರ್ಷದಿಂದ ಪಾಲಿಸಿಕೊಂಡು ಬಂದ ಕಟ್ಟುಪಾಡು. ಬಿಳಿಯ ಮೇಲೆ ಒಂದು ಹನಿ ಬಿದ್ದರೂ ಬಟ್ಟೆಯ ಜತೆಗೆ ಮರ್ಯಾದೆಯನ್ನೂ ಹರಿದು ನೆಲ ಒರೆಸಬೇಕಾಗುತ್ತದೆ ಎನ್ನುವುದು ಅವರ ಮತ. ಈ ಸಲ ಮೂರು ವಾರದಿಂದ ಮೆಷಿನ್ ಮೇಲೆ ಬರೀ ಬಿಳಿಯೇ. ದೊಡ್ಡ ಹೋಟೆಲೊಂದರ ಅಡುಗೆಯವರಿಗೆ ಇಪ್ಪತ್ತನಾಲ್ಕು ಕೋಟು. ಇವತ್ತು ಸಂಜೆ ಆರಕ್ಕೆ ಅಲ್ಲಿನ ಮುಖ್ಯ ಬಾಣಸಿಗರೇ ಬಂದು ನೋಡುತ್ತಾರೆ. ಮೆಚ್ಚಿದರೆ ಇಡೀ ವರ್ಷದ ಹೊಲಿಗೆ ಮಾಸ್ಟರಿಗೇ. ಹತ್ತೊಂಬತ್ತು ಮುಗಿದಿದ್ದವು, ಐದು ಬಾಕಿ.

ಬೆಳಿಗ್ಗೆ ಕುಳಿತು ಪೆಡಲ್ ತುಳಿದದ್ದೇ ತಡ, 'ಕಟಕ್' ಎಂದಿತು.

ಮಾಸ್ಟರು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಆದರೆ ಅದೇ ಹೊತ್ತಿಗೆ ಮೇಲಿನ ಮನೆಯಾಕೆ ದಿಂಬಿನ ಚೀಲಕ್ಕೆ ಅಂಚು ಹೊಲಿಸಲು ಇಳಿದು ಬಂದಿದ್ದರು. ಇವರು ಬೀದಿಗೆಲ್ಲ ಚಿಕ್ಕಮ್ಮ. ಯಾರ ಮನೆಯಲ್ಲಿ ಯಾರು ಕೆಮ್ಮಿದರೂ ಅದು ಒಣ ಕೆಮ್ಮೋ ಕಫದ ಕೆಮ್ಮೋ ಎಂದು ಮಹಡಿಯಿಂದಲೇ ತೀರ್ಪು ಕೊಡುವವರು.

"ಮಾಸ್ಟ್ರೇ, ಅದೇನ್ರೀ ಸದ್ದು?"

"ಏನಿಲ್ಲ ಚಿಕ್ಕಮ್ಮ."

"ಏನಿಲ್ದೇನೇ ಕಟಕ್ ಅನ್ನುತ್ತಾ? ಇನ್ನೊಂದ್ಸಲ ತುಳೀರಿ, ನೋಡೋಣ."

ತುಳಿದರು. ಕಟಕ್.

"ಅಯ್ಯೋ ದೇವರೇ, ಮಂಡಿ! ನಿಮ್ಮ ಬಲಮಂಡಿ ಹೋಯ್ತು!"

"ನಡೀವಾಗ ಬರಲ್ವಲ್ಲ?"

"ಭಾರ ಬಿದ್ದಾಗ ಮಾತ್ರ ಬರೋದೇ ಅಪಾಯ. ನನಗೆ ಹೇಳಿಕೊಡ್ತೀರಾ? ನನ್ನ ಎರಡು ಮಂಡೀನೂ ಹನ್ನೆರಡು ವರ್ಷದಿಂದ ನನ್ನ ಜತೆ ಮಾತಾಡ್ತಾ ಇವೆ."

ಅಲ್ಲಿಯವರೆಗೆ ಮಾಸ್ಟರಿಗೆ ಮಂಡಿ ಎಂಬುದೊಂದು ಇದೆಯೆಂಬ ನೆನಪೂ ಇರಲಿಲ್ಲ. ಚಿಕ್ಕಮ್ಮ ಹೇಳಿದ ಮರುಕ್ಷಣ ಬಲಮಂಡಿಯಲ್ಲಿ ಸಣ್ಣಗೆ ನೋವು ಹುಟ್ಟಿತು, ಅಪ್ಪಣೆಗಾಗಿಯೇ ಇಷ್ಟು ದಿನ ಕಾದು ಕುಳಿತಿದ್ದ ಹಾಗೆ. ಅದರ ಹಿಂದೆಯೇ ಸಿಟ್ಟೂ ಬಂತು. ಮಾಸ್ಟರ ಸಿಟ್ಟಿಗೆ ಯಾರ ಅಪ್ಪಣೆಯೂ ಬೇಡ.

ಚಿಕ್ಕಮ್ಮ ಮೇಲೆ ಹೋಗಿ ಕ್ಯಾಲ್ಸಿಯಂ ಡಬ್ಬಿ ತಂದರು. ಒಂದೊಂದು ಮಾತ್ರೆಯೂ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಷ್ಟು ದಪ್ಪ.

"ಇದನ್ನ ನುಂಗಬೇಡಿ, ಅಗೀಬೇಕು. ಬಾಯಿ ತೆಗೀರಿ."

"ನನಗೆ ಬೇಡ. ಕೋಟು ಬಾಕಿ ಇದೆ."

"ಕೋಟು ಹೊಲಿಯೋಕೆ ಕಾಲು ಬೇಡ್ವಾ?"

ಈ ಮಾತು ಎದುರು ಸಾಲಿನ ಔಷಧಿ ಅಂಗಡಿಯವರ ಕಿವಿಗೆ ಬಿತ್ತು. ಚೀಟಿ ಹಿಡಿದು ನಿಂತ ಗಿರಾಕಿಯನ್ನು ಅಲ್ಲೇ ಬಿಟ್ಟು, ಕೈಯಲ್ಲೆರಡು ಡಬ್ಬಿ ಹಿಡಿದುಕೊಂಡು ರಸ್ತೆ ದಾಟಿ ಬಂದೇಬಿಟ್ಟರು.

"ಚಿಕ್ಕಮ್ಮ, ಬರೀ ಕ್ಯಾಲ್ಸಿಯಂ ತಿನ್ನಿಸಿ ಏನುಪಯೋಗ? ವಿಟಮಿನ್ ಡಿ ಇಲ್ದೆ ಅದು ಮೈಗೆ ಹತ್ತೋದೇ ಇಲ್ಲ. ಇವರೋ ಹಗಲೆಲ್ಲ ನೆರಳಲ್ಲಿ ಕೂತಿರ್ತಾರೆ, ಬಿಸಿಲು ಕಂಡು ಎಷ್ಟು ವರ್ಷ ಆಯ್ತೋ ಏನೋ. ಅದೂ ಅಲ್ದೆ ಇದು ಮೂಳೆ ಕೇಸಲ್ಲ, ಕೀಲಿನ ಕೇಸು. ಗ್ಲೂಕೋಸಮೈನ್ ಬೇಕು. ಸವೆದ ಹಾಸಿಗೆಗೆ ಹೊಸ ಹತ್ತಿ ತುಂಬಿದ ಹಾಗೆ."

"ಇದು ಕೆಲಸ ಮಾಡುತ್ತಾ?" ಮಾಸ್ಟರು ಹಲ್ಲು ಕಚ್ಚಿ ಕೇಳಿದರು.

"ಕೆಲವರಿಗೆ ಮಾಡುತ್ತೆ, ಕೆಲವರಿಗೆ ಮಾಡಲ್ಲ. ಮೂರು ತಿಂಗಳು ತಗೊಂಡು ನೋಡ್ಬೇಕು."

"ನನಗೆ ಸಂಜೆ ಆರಕ್ಕೆ ಬೇಕು ಮಾರಾಯ್ರೇ!"

ಆಮೇಲೆ ಅವರಿಬ್ಬರಿಗೇ ಹತ್ತಿಕೊಂಡಿತು. ಊಟಕ್ಕೆ ಮೊದಲೋ ಆಮೇಲೋ, ಹಾಲಿನ ಜತೆಯೋ ನೀರಿನ ಜತೆಯೋ, ಎರಡನ್ನೂ ಸೇರಿಸಿದರೆ ಮೂತ್ರಪಿಂಡದಲ್ಲಿ ಕಲ್ಲಾಗುತ್ತದೋ ಇಲ್ಲವೋ. ರೋಗಿ ಅಲ್ಲೇ ಕುಳಿತಿದ್ದಾನೆ ಎನ್ನುವುದು ಇಬ್ಬರಿಗೂ ಮರೆತುಹೋಯಿತು. ಮಾಸ್ಟರು ಭೂತಗನ್ನಡಿ ಹಿಡಿದು ಡಬ್ಬಿಯ ಹಿಂಬದಿ ಓದಿದರು. ಇರುವೆಗಳ ಮೆರವಣಿಗೆಯಂಥ ಅಕ್ಷರಗಳ ಕೊನೆಯಲ್ಲಿ ಬರೆದಿತ್ತು: 'ಇದು ಯಾವುದೇ ಕಾಯಿಲೆಯನ್ನು ಗುಣಪಡಿಸಲು ಉದ್ದೇಶಿಸಿದ್ದಲ್ಲ.'

"ಮತ್ತೆ ಯಾವ ಪುರುಷಾರ್ಥಕ್ಕೆ ಮಾಡಿದ್ರಂತೆ?" ಎಂದು ಅವರು ಗುಡುಗಿದ ರಭಸಕ್ಕೆ ಔಷಧಿ ಅಂಗಡಿಯವರು ಎರಡು ಹೆಜ್ಜೆ ಹಿಂದೆ ಸರಿದರು. ಡಬ್ಬಿಗಳನ್ನು ಮಾತ್ರ ಮೇಜಿನ ಮೇಲೇ ಬಿಟ್ಟು, ಚಿಕ್ಕಮ್ಮನ ಪಕ್ಕ ಹೋಗಿ ನಿಂತರು.

ಹನ್ನೆರಡಕ್ಕೆ ಮನೆಯಿಂದ ಫೋನು. "ಕಾಲು ಹೋಯ್ತಂತೆ? ನಂಗೊಂದು ಮಾತು ಹೇಳೋಕೇನಾಗಿತ್ತು? ಚಿಕ್ಕಮ್ಮನ ಬಾಯಲ್ಲಿ ಕೇಳ್ಬೇಕಾ ನಾನು? ತಮ್ಮನ್ನ ಕಳಿಸಿದೀನಿ. ಅವನಿಗೆ ಇದೆಲ್ಲ ಗೊತ್ತು."

ಹೆಂಡತಿಯ ತಮ್ಮನಿಗೆ ಗೊತ್ತಿಲ್ಲದ್ದು ಜಗತ್ತಿನಲ್ಲಿ ಯಾವುದೂ ಇರಲಿಲ್ಲ. ಹೋದ ವರ್ಷ ನೀರು ಶುದ್ಧ ಮಾಡುವ ಯಂತ್ರ ಮಾರುತ್ತಿದ್ದ, ಈ ವರ್ಷ ಆರೋಗ್ಯ ಮಾರುತ್ತಿದ್ದ. ಊಟದ ಹೊತ್ತಿಗೆ ಹೆಗಲಿಗೊಂದು ಚೀಲ ಏರಿಸಿಕೊಂಡು ಬಂದವನು ಮೇಜಿನ ಮೇಲಿದ್ದ ಡಬ್ಬಿಗಳನ್ನು ಮೊಣಕೈಯಿಂದ ಆಚೆ ತಳ್ಳಿದ.

"ಇವೆಲ್ಲ ಕಸ, ಭಾವ. ಇದು ನೋಡಿ, ಮೀನೆಣ್ಣೆ. ಆಳ ಸಮುದ್ರದ್ದು. ಒಂದು ಬಾಟ್ಲಿಗೆ ನೂರು ಗುಳಿಗೆ. ತುಕ್ಕು ಹಿಡಿದ ಬಾಗಿಲಿಗೆ ಎಣ್ಣೆ ಬಿಟ್ರೆ ಹೇಗೆ? ಹಾಗೇ. ಮೀನಿಗೆ ಯಾವತ್ತಾದ್ರೂ ಮಂಡಿನೋವು ಬಂದಿದ್ದು ಕೇಳಿದೀರಾ?"

"ಮೀನಿಗೆ ಮಂಡಿ ಎಲ್ಲಿದ್ಯೋ?"

"ಅದೇ ನೋಡಿ, ಪಾಯಿಂಟು!"

ಮಾಸ್ಟರು ಪೆಡಲ್ ತುಳಿದರು. ಕಟಕ್. ಚಿಕ್ಕಮ್ಮ "ಚೊಚೊಚೊ" ಎಂದರು. ಕಟಕ್. ಔಷಧಿ ಅಂಗಡಿಯವರು ತಲೆಯಾಡಿಸಿದರು. ಕಟಕ್. ಭಾವಮೈದ ಬಾಟಲಿಯ ಮುಚ್ಚಳ ತಿರುಗಿಸಿದ. ಮೂರು ಜತೆ ಕಣ್ಣು ಮಂಡಿಯನ್ನೇ ನೋಡುತ್ತಿದ್ದರೆ ಸೂಜಿ ನೇರವಾಗಿ ಓಡುವುದಾದರೂ ಹೇಗೆ? ಇಪ್ಪತ್ತೊಂದನೆಯ ಕೋಟನ್ನು ಮುಗಿಸಿ ಎತ್ತಿ ಹಿಡಿದರು. ಬಲತೋಳು ಎಡಕ್ಕೂ ಎಡತೋಳು ಬಲಕ್ಕೂ ಕೂತಿದ್ದವು. ಕೋಟು ತನಗೆ ತಾನೇ ಕೈಕಟ್ಟಿಕೊಂಡು ಮಾಸ್ಟರನ್ನು ಅಣಕಿಸುವ ಹಾಗಿತ್ತು.

ಇಪ್ಪತ್ತೆಂಟು ವರ್ಷದಲ್ಲಿ ಆಗದ ತಪ್ಪು. ಬಿಚ್ಚಿ ಹೊಲಿಯುವಷ್ಟರಲ್ಲಿ ಮೂರು ಗಂಟೆ ಹೊಡೆಯಿತು. ಭಾವಮೈದ ಬಾಟಲಿಯನ್ನು ಕೆಳಗಿಟ್ಟು, ಬಗ್ಗಿ, "ಭಾವ, ಈ ಟೆನ್ಷನ್ನಿಗೂ ನಮ್ಮಲ್ಲೊಂದು..." ಎಂದು ಬಾಯಿ ತೆರೆದದ್ದೇ ಸಾಕಾಯಿತು.

"ಏಳ್ರೋ ಎಲ್ಲ! ಆಚೆ ನಡೀರಿ! ನನ್ನ ಮಂಡಿ ನಂದು! ಸವೆದ್ರೆ ನಂದು ಸವೆಯುತ್ತೆ, ಮುರಿದ್ರೆ ನಂದು ಮುರಿಯುತ್ತೆ! ನಿಮ್ಮಪ್ಪನ ಗಂಟೇನು ಹೋಗುತ್ತೆ? ಬೆಳಗ್ಗಿಂದ ಒಂದು ಮಾತ್ರೆ ಬಾಯಿಗೆ ಹಾಕಿಲ್ಲ, ಹಾಕೋದೂ ಇಲ್ಲ!"

ಎಂದವರೇ ಕೆಳಗಿದ್ದ ಮೀನೆಣ್ಣೆ ಬಾಟಲಿಗೆ ಒಂದು ಒದೆ ಕೊಟ್ಟರು. ಅದು ಮೆಷಿನ್ನಿನ ಕಬ್ಬಿಣದ ಕಾಲಿಗೆ ಬಡಿದು ಒಡೆಯಿತು. ನೂರು ಹಳದಿ ಗುಳಿಗೆಗಳು ಪೆಡಲಿನ ಅಡಿಗೂ ಸಂದಿಗೂ ಉರುಳಿದವು. ಮೂವರೂ ಹೊರಗೆ ಹೋಗಿ, ಹೆಚ್ಚು ದೂರ ಹೋಗದೆ, ಮೆಟ್ಟಿಲ ಮೇಲೆ ಸಾಲಾಗಿ ಕುಳಿತರು.

ಮಾಸ್ಟರು ಗಾಜಿನ ಚೂರುಗಳನ್ನು ಕಾಲಿನಿಂದ ಮೂಲೆಗೆ ತಳ್ಳಿದರು. ಗುಳಿಗೆಗಳನ್ನು ಹೆಕ್ಕಲು ಬಗ್ಗುವಷ್ಟು ಪುರುಸೊತ್ತಿರಲಿಲ್ಲ. ಮೊದಲು ಕೋಟು, ಆಮೇಲೆ ಕಸಬರಿಗೆ. ಕುಳಿತು ಸಿಟ್ಟಿನಿಂದ ಪೆಡಲ್ ತುಳಿದರು. ಕೆಳಗೆ ಏನೋ ಪಿಚಕ್ ಪಿಚಕ್ ಎಂದು ಒಡೆಯಿತು. ಆಮೇಲೆ ಸದ್ದಿಲ್ಲ.

ಮತ್ತೆ ತುಳಿದರು. ಇಲ್ಲ. ಜೋರಾಗಿ ತುಳಿದರು. ಮೆಷಿನ್ ರೇಷ್ಮೆಯ ಹಾಗೆ ಓಡಿತು. ಬಗ್ಗಿ ನೋಡಿದರೆ ಪೆಡಲಿನ ಎರಡೂ ಕಡೆಯ ಕೀಲುಗಳಲ್ಲಿ ಗುಳಿಗೆಗಳು ಜಜ್ಜಿಹೋಗಿ ಮೀನೆಣ್ಣೆ ಮಿರಮಿರ ಮಿಂಚುತ್ತಿತ್ತು. ಮೂರು ವಾರದಿಂದ ಎಣ್ಣೆ ಕಾಣದೆ ಒಣಗಿ ಅರಚುತ್ತಿದ್ದದ್ದು ಮೆಷಿನ್ನು. ಮಾಸ್ಟರ ಮಂಡಿ ಪಾಪ ಬೆಳಗಿನಿಂದ ತುಟಿಪಿಟಕ್ಕೆಂದಿರಲಿಲ್ಲ.

ಬೇರೆಯವರ ಮೆಷಿನ್ನಿನ ಸದ್ದನ್ನು ಬೀದಿಯಿಂದಲೇ ಕೇಳಿ ಏನು ಕೆಟ್ಟಿದೆ ಎಂದು ಹೇಳಬಲ್ಲ ಮನುಷ್ಯ ಅವರು! ಸಂತೋಷಪಡಬೇಕಾದ ಹೊತ್ತಿನಲ್ಲಿ ಮಾಸ್ಟರಿಗೆ ಸಿಟ್ಟು ಎರಡರಷ್ಟಾಯಿತು. ಒಂದು ಪಾಲು ಮೆಟ್ಟಿಲ ಮೇಲಿನ ಮೂವರ ಮೇಲೆ. ಇನ್ನೊಂದು ಪಾಲು ಯಾರ ಮೇಲೆ ಎಂದು ಅವರು ವಿಚಾರಿಸಲು ಹೋಗಲಿಲ್ಲ. ಎರಡನ್ನೂ ಪೆಡಲಿಗೆ ಸುರಿದರು. ಆರಕ್ಕೆ ಐದು ನಿಮಿಷ ಇರುವಾಗ ಇಪ್ಪತ್ತನಾಲ್ಕನೆಯ ಕೋಟಿನ ಕೊನೆಯ ಗುಂಡಿಗೆ ಹೊಲಿಗೆ ಬಿತ್ತು.

ಬಾಣಸಿಗರು ಬಂದರು. ಕೋಟುಗಳನ್ನು ಒಂದೊಂದಾಗಿ ಬಿಡಿಸಿ, ಹೊಲಿಗೆ ಎಳೆದು, ಕಾಲರ್ ಸವರಿ ನೋಡಿದರು.

"ಕೆಲಸ ಚಿನ್ನದಂತಿದೆ ಮಾಸ್ಟ್ರೇ. ಆದ್ರೆ ವರ್ಷದ ಆರ್ಡರು ಬೇರೆಯವರಿಗೆ ಹೇಳೋಣ ಅಂತಿದೀನಿ."

"ಯಾಕೆ ಸ್ವಾಮಿ?"

"ಮೆಟ್ಟಿಲ ಹತ್ರ ಮೂರು ಜನ ಸಿಕ್ಕಿದ್ರು. ನಿಮ್ಮ ಕಾಲು ಹೋಗಿದೆಯಂತೆ, ಮೂರು ಥರ ಮಾತ್ರೆ ಬೇಕಂತೆ. ಪಾಪ, ಆ ಅಮ್ಮ ಕಣ್ಣೀರೇ ಹಾಕಿದ್ರು. ಇಂಥವರ ಕೈಲಿ ವರ್ಷವಿಡೀ ಪೆಡಲ್ ತುಳಿಸಿ ಆ ಪಾಪ ಯಾರಿಗೆ ಬೇಕು?"

ಮಾಸ್ಟರ ಮುಖ ಇಸ್ತ್ರಿಪೆಟ್ಟಿಗೆಯ ಕೆಂಡದಂತಾಯಿತು. "ಮಂಡಿ ಅಲ್ಲ ಸ್ವಾಮಿ, ಮೆಷಿನ್ನು! ನೋಡಿ ಇಲ್ಲಿ!" ಎಂದು ಕುಳಿತು ಸರಸರ ತುಳಿದು ತೋರಿಸಿದರು.

ಬಾಣಸಿಗರು ಬಗ್ಗಿ ಕಿವಿಗೊಟ್ಟರು. "ನಿಜ, ಸದ್ದೇ ಇಲ್ವಲ್ರೀ!" ಎಂದು ನಕ್ಕು, ಜೇಬಿನಿಂದ ಆರ್ಡರ್ ಕಾಗದ ತೆಗೆದು ಮೇಜಿನ ಮೇಲೆ ಹರಡಿ, ಪೆನ್ನಿನ ಮುಚ್ಚಳ ತೆಗೆದರು.

ಅಲ್ಲಿಗೆ ಬಿಟ್ಟಿದ್ದರೆ ಮುಗಿದಿತ್ತು. ಆದರೆ ಬಾಗಿಲಲ್ಲಿ ಮೂರು ತಲೆಗಳು ಇಣುಕುತ್ತಿದ್ದವು. ನಡುವಿನ ತಲೆ, ಅಂದರೆ ಭಾವಮೈದ, "ನೋಡಿದ್ರಾ ಚಿಕ್ಕಮ್ಮ? ನಮ್ಮ ಮೀನೆಣ್ಣೆ! ಮೂರೇ ಗಂಟೇಲಿ!" ಎಂದ.

"ಮೀನೆಣ್ಣೆ ಅಲ್ವೋ ದರಿದ್ರದವನೇ! ನನ್ನ ಮಂಡಿಗೆ ಯಾವತ್ತೂ ಏನೂ ಆಗಿರ್ಲಿಲ್ಲ! ನೋಡ್ರೋ, ಕಣ್ಣು ಬಿಟ್ಟು ನೋಡ್ರೋ!" ಎನ್ನುತ್ತ ಮಾಸ್ಟರು ಸ್ಟೂಲಿನಿಂದ ಚಂಗನೆ ನೆಗೆದು ನೆಲದ ಮಧ್ಯೆ ಬಲಗಾಲು ಅಪ್ಪಳಿಸಿದರು.

ಕಾಲು ಬಿದ್ದದ್ದು ಗುಳಿಗೆಗಳ ಮೇಲೆ. ಅದು ಬಾಗಿಲ ಕಡೆ ಜಾರಿತು, ಮಾಸ್ಟರು ಮೆಷಿನ್ನಿನ ಕಡೆ ಬಿದ್ದರು, ಮಂಡಿ ನಡುವೆ ಸಿಕ್ಕಿಕೊಂಡಿತು.

ಕಟಕ್.

ಈ ಸಲ ಮೆಷಿನ್ ಓಡುತ್ತಿರಲಿಲ್ಲ.

ಬಾಣಸಿಗರು ಪೆನ್ನಿನ ಮುಚ್ಚಳ ಹಾಕಿದರು. ಕಾಗದವನ್ನು ನಾಲ್ಕಾಗಿ ಮಡಚಿ ಜೇಬಿಗೆ ಸೇರಿಸಿ, ಕೋಟಿನ ಗಂಟು ಎತ್ತಿಕೊಂಡು, "ಆರೋಗ್ಯ ನೋಡ್ಕೊಳ್ಳಿ ಮಾಸ್ಟ್ರೇ" ಎಂದು ಗುಳಿಗೆಗಳನ್ನು ದಾಟಿ ಹೊರಟೇಹೋದರು.

"ನಾವು ಬೆಳಗ್ಗೇನೇ ಹೇಳಿದ್ವಿ," ಎಂದರು ಔಷಧಿ ಅಂಗಡಿಯವರು.

ನೆಲದ ಮೇಲೆ ಬಿದ್ದಿದ್ದ ಮಾಸ್ಟರು ಜನ್ಮದಲ್ಲಿ ಯಾರನ್ನೂ ಬೈದಿರದಷ್ಟು ದೊಡ್ಡ ಬೈಗುಳಕ್ಕೆಂದು ಬಾಯಿ ಅಗಲಿಸಿದರು. ಚಿಕ್ಕಮ್ಮ ಬೆಳಗಿನಿಂದ ಇದಕ್ಕಾಗಿಯೇ ಕಾದಿದ್ದರು. ಸೀಮೆಸುಣ್ಣದಂಥ ಮಾತ್ರೆಯನ್ನು ಒಳಗಿಟ್ಟು, ಗಲ್ಲವನ್ನು ಕೆಳಗಿನಿಂದ ಒತ್ತಿ ಬಾಯಿ ಮುಚ್ಚಿದರು.

"ಅಗೀರಿ. ನುಂಗಬೇಡಿ."