ಸದ್ದು ಮಾಡದ ಡ್ರಮ್ಮಿಗೆ ಪ್ರಥಮ ಸ್ಥಾನ

ಶಬ್ದ ನಿಯಂತ್ರಣ ಇಲಾಖೆಗೆ ತನ್ನದೇ ಆದ ಒಂದು ವಾದ್ಯವೃಂದವಿದೆ ಎಂಬುದನ್ನು ಈ ಮೂಲಕ ಸಮಸ್ತರ ಗಮನಕ್ಕೆ ತರಲಾಗಿದೆ. ಇದರಲ್ಲಿ ನಗುವಂಥದ್ದೇನೂ ಇಲ್ಲ. ಅಗ್ನಿಶಾಮಕ ಇಲಾಖೆಯವರ ಮನೆಯಲ್ಲೂ ಒಲೆ ಉರಿಯುತ್ತದೆ.

ವೃಂದದಲ್ಲಿ ಹಾಡುವವರು ಬೆರಳಚ್ಚು ವಿಭಾಗದ ಮೇಡಂ. ಕೀಬೋರ್ಡ್ ನುಡಿಸುವವನು ನಾನು, ಟಪಾಲು ಗುಮಾಸ್ತ. ಡ್ರಮ್ ಬಾರಿಸುವವನು ತಪಾಸಣಾ ಜೀಪಿನ ಡ್ರೈವರ್. ಅವನ ನಿಜವಾದ ಹೆಸರು ಸೇವಾ ಪುಸ್ತಕದಲ್ಲಿ ಇರಬೇಕು, ನಮಗೆಲ್ಲ ಅವನು ತಾಳಣ್ಣ. ಸಿಗ್ನಲ್ಲಿನಲ್ಲಿ ಜೀಪು ನಿಂತರೆ ಸ್ಟೇರಿಂಗಿನ ಮೇಲೆ ಬೆರಳಾಡಿಸಲು ಶುರು ಮಾಡುತ್ತಾನೆ, ಹಸಿರು ದೀಪ ಬಂದರೂ ಪಲ್ಲವಿ ಮುಗಿಯುವ ತನಕ ಗಾಡಿ ಬಿಡುವುದಿಲ್ಲ. ಹಿಂದಿನ ವಾಹನಗಳು ಹಾರ್ನ್ ಹೊಡೆಯುತ್ತವೆ. ಜೀಪಿನಲ್ಲಿರುವ ಇನ್ಸ್‌ಪೆಕ್ಟರು ಇಳಿದು ಅವುಗಳಿಗೆ ದಂಡ ಹಾಕುತ್ತಾರೆ. ಇಲಾಖೆಯ ಆದಾಯದಲ್ಲಿ ತಾಳಣ್ಣನ ಪಾಲು ಸಣ್ಣದಲ್ಲ.

ನಮ್ಮ ಹಳೆಯ ಡ್ರಮ್ಮನ್ನು ನಮ್ಮ ಇಲಾಖೆಯೇ ಜಪ್ತಿ ಮಾಡಿತ್ತು. ಅಭ್ಯಾಸ ನಡೆದಿದ್ದಾಗ ಪಕ್ಕದ ಕೋಣೆಯ ಇನ್ಸ್‌ಪೆಕ್ಟರು ಮೀಟರ್ ಹಿಡಿದುಕೊಂಡು ಬಂದು ಸದ್ದು ಅಳೆದು, ನಿರ್ದೇಶಕರಿಗೆ ನೋಟಿಸು ಕೊಟ್ಟರು. ನಿರ್ದೇಶಕರು ಅದಕ್ಕೆ ಉತ್ತರ ಬರೆದರು. ಆ ಉತ್ತರವನ್ನು ಪರಿಶೀಲಿಸಬೇಕಾದವರೂ ಅವರೇ ಆದ್ದರಿಂದ, ತೃಪ್ತಿಕರವಾಗಿಲ್ಲ ಎಂದು ಷರಾ ಹಾಕಿ ಡ್ರಮ್ಮನ್ನು ಗೋದಾಮಿಗೆ ಕಳಿಸಿದರು. ಈಗ ಅದು ಜಪ್ತಿಯಾದ ಮೈಕು, ಹಾರ್ನುಗಳ ನಡುವೆ ಮುಗುಮ್ಮಾಗಿ ಕೂತಿದೆ.

ಈ ಸಲದ ವಾರ್ಷಿಕೋತ್ಸವದ ದಿನವೇ ತಾಳಣ್ಣನ ನಿವೃತ್ತಿ. ಅವನು ಅರ್ಜಿ ಗಿರ್ಜಿ ಎನ್ನದೆ ನೇರವಾಗಿ ನಿರ್ದೇಶಕರ ಕೋಣೆಗೆ ನುಗ್ಗಿದ.

"ಸರ್, ನಾವಿರೋದು ಇಲಾಖೆ ವಸತಿಗೃಹದಲ್ಲಿ. ಅಲ್ಲಿ ಕುಕ್ಕರ್ ಎಷ್ಟು ಸಲ ಕೂಗಬೇಕು ಅನ್ನೋದಕ್ಕೂ ಸುತ್ತೋಲೆ ಇದೆ. ಅದಕ್ಕೆ ಇಷ್ಟು ವರ್ಷ ದಿಂಬಿನ ಮೇಲೆ ಪ್ರಾಕ್ಟೀಸ್ ಮಾಡಿದೀನಿ. ನನ್ನ ಹೆಂಡತಿ ದಿಂಬಿನ ಹತ್ತಿ ಹಾರೋದು ನೋಡಿದಾಳೆ ಹೊರತು ನಾನು ಡ್ರಮ್ ಬಾರಿಸಿದ್ದು ಕೇಳಿಲ್ಲ. ಒಂದೇ ಒಂದು ಸಲ ಅವಳಿಗೆ ಕೇಳಿಸಿ ಹೋಗ್ತೀನಿ. ಡ್ರಮ್ ಕೊಡಿಸಿ ಸರ್."

ಅವನ ಹೆಂಡತಿ ಕೇಳದಿರುವುದಕ್ಕೆ ಕಾರಣವಿತ್ತು. ಕುಟುಂಬದವರು ಬಂದರೆ ಮಾತಿನ ಗಲಾಟೆ ಹೆಚ್ಚುತ್ತದೆಂದು ನಮ್ಮ ಉತ್ಸವಕ್ಕೆ ಅವರಿಗೆ ಪ್ರವೇಶವಿಲ್ಲ. ನಿವೃತ್ತರಾಗುವವರು ಮಾತ್ರ ಸಂಗಾತಿಯನ್ನು ಕರೆತರಬಹುದು, ನಿವೃತ್ತರಾದ ಮೇಲೆ ಇಬ್ಬರೂ ಪ್ರೇಕ್ಷಕರಾಗಿ ಬರಬಹುದು.

ನಿರ್ದೇಶಕರ ಮನಸ್ಸು ಕರಗಿತು. ವರ್ಷದ ಅನುದಾನ ಖರ್ಚಾಗದೆ ಉಳಿದಿದ್ದದ್ದೂ ಆಗಲೇ ಅವರಿಗೆ ನೆನಪಾಯಿತು. ಅತ್ಯುನ್ನತ ದರ್ಜೆಯ ಎಲೆಕ್ಟ್ರಾನಿಕ್ ಡ್ರಮ್ ಸೆಟ್ಟೊಂದನ್ನು ಖರೀದಿಸಲು ಆಯ್ಕೆ ಸಮಿತಿ ರಚನೆಯಾಯಿತು. ಅಧ್ಯಕ್ಷರು ನಿರ್ದೇಶಕರು, ಸದಸ್ಯರು ಉಪನಿರ್ದೇಶಕರು, ಕಾರ್ಯದರ್ಶಿ ನಾನು. ಗುಣಮಟ್ಟ ಅಳೆಯುವುದು ಹೇಗೆ ಎಂಬ ಪ್ರಶ್ನೆ ಎದ್ದಾಗ ನಾವು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ನಮ್ಮ ಇಲಾಖೆಯಲ್ಲಿ ಏನನ್ನೇ ಅಳೆಯಲಿ, ಮೀಟರ್ ಇರುವುದು ಒಂದೇ. ಮುಳ್ಳು ಮೇಲೆ ಹೋದರೆ ಕೆಟ್ಟದ್ದು, ಕೆಳಗಿದ್ದರೆ ಒಳ್ಳೆಯದು. ಈ ಸರಳ ತತ್ವದ ಮೇಲೆಯೇ ನಮಗೆಲ್ಲ ಬಡ್ತಿ ಸಿಕ್ಕಿದೆ.

ಮೂವರು ಅಂಗಡಿಯವರು ಬಂದರು. ಮೊದಲನೆಯವನು ದೊಡ್ಡ ಸ್ಪೀಕರ್ ಜೋಡಿಸಿ, ತಾನೇ ಕೂತು ಉತ್ಸಾಹದಿಂದ ಬಾರಿಸಿದ. ಕಿಟಕಿಯ ಗಾಜು ನಡುಗಿತು. ಮುಳ್ಳು ಕೊನೆ ಮುಟ್ಟಿತು. ಇನ್ಸ್‌ಪೆಕ್ಟರು ಅವನಿಗೆ ಅಲ್ಲೇ ದಂಡದ ಚೀಟಿ ಹರಿದುಕೊಟ್ಟರು. ಪಾಪ, ಅವನು ಅದನ್ನು ಮುಂಗಡದ ಚೀಟಿ ಎಂದುಕೊಂಡು ಕೈಮುಗಿದ.

ಎರಡನೆಯವನು ಜಾಣ. ಸ್ಪೀಕರ್ ತರಲಿಲ್ಲ, ಹೆಡ್‌ಫೋನ್ ತಂದಿದ್ದ. "ಬಾರಿಸುವವರಿಗೆ ಮಾತ್ರ ಕೇಳುತ್ತೆ ಸರ್. ಉತ್ಸವದ ದಿನ ಬೇಕಾದರೆ ಸ್ಪೀಕರಿಗೆ ಹಾಕಿ, ಎಷ್ಟು ಬೇಕೋ ಅಷ್ಟೇ ಸದ್ದು ಇಟ್ಕೊಳ್ಳಿ," ಎಂದ. ತಾಳಣ್ಣ ಹೆಡ್‌ಫೋನ್ ಹಾಕಿಕೊಂಡು ಕೂತ. ನಮಗೆ ಕೇಳಿಸಿದ್ದು ಟಪಟಪ ಅಷ್ಟೇ. ಅವನಿಗೇನು ಕೇಳಿಸಿತೋ, ಕಣ್ಣು ಮುಚ್ಚಿದ, ಹೆಗಲು ಸಡಿಲವಾಯಿತು, ಕೆನ್ನೆ ಒದ್ದೆಯಾಯಿತು.

"ಸರ್, ಇದೇ! ಕಣ್ಣುಮುಚ್ಚಿ ಇದನ್ನೇ ತಗೊಳ್ಳಿ!" ಎಂದು ಅವನು ಕಿರುಚಿದ. ಹೆಡ್‌ಫೋನ್ ಹಾಕಿಕೊಂಡವರು ಮೆಲ್ಲಗೆ ಮಾತಾಡುವುದಿಲ್ಲ. ಆ ಕಿರುಚಾಟವೂ ಮೀಟರಿನಲ್ಲಿ ದಾಖಲಾಗಿ, ಎರಡನೆಯ ಸೆಟ್ಟಿನ ಲೆಕ್ಕಕ್ಕೆ ಸೇರಿತು.

"ಇವನ ಅಭಿಪ್ರಾಯ ತಗೋಬಹುದಾ?" ಎಂದು ನಾನು ಕೇಳಿದೆ.

"ಹೇಗ್ರೀ ಆಗುತ್ತೆ?" ಎಂದರು ಉಪನಿರ್ದೇಶಕರು. "ಬಾರಿಸೋನು ಅವನೇ. ಪಕ್ಷಪಾತ ಆಗೋದಿಲ್ವಾ?"

ಮೂರನೆಯವರು ಉಪನಿರ್ದೇಶಕರ ಭಾವಮೈದುನ. ಅವರ ಮೂಲ ಕಸುಬು ಕಚೇರಿಗಳಿಗೆ ಕುರ್ಚಿ ಸರಬರಾಜು. ನಾವು ಕೂತಿದ್ದದ್ದೂ ಅವರ ಕುರ್ಚಿಗಳ ಮೇಲೆಯೇ, ಹಾಗಾಗಿ ಎದ್ದು ಮರ್ಯಾದೆ ತೋರಿಸಿದೆವು. ಅವರ ಸೆಟ್ಟು ಕಣ್ಣಿಗೆ ಹಬ್ಬ. ಫಳಫಳ ಹೊಳೆಯುವ ಸ್ಟ್ಯಾಂಡು, ಅದರ ಮೇಲೆ ಗುಂಡಗೆ ಕತ್ತರಿಸಿದ ದಪ್ಪ ಸ್ಪಂಜು, ಸ್ಪಂಜಿಗೆ ಕಪ್ಪು ರೆಕ್ಸಿನ್ನು. ಕೂರುವ ಸ್ಟೂಲಂತೂ ಬಹಳ ಸೊಗಸಾಗಿತ್ತು. ತಾಳಣ್ಣ ಒಂದು ಏಟು ಹಾಕಿದ. ಏನೂ ಕೇಳಲಿಲ್ಲ. ಜೋರಾಗಿ ಹಾಕಿದ. ಗೋಡೆ ಗಡಿಯಾರದ ಟಿಕ್‌ಟಿಕ್ ಕೇಳಿತು. ಅವನು ಬಗ್ಗಿ ಸೆಟ್ಟಿನ ಕೆಳಗೆಲ್ಲ ಹುಡುಕಿದ.

"ಸರ್, ಇದರಲ್ಲಿ ಸದ್ದು ಹುಟ್ಟಿಸೋ ಪೆಟ್ಟಿಗೇನೇ ಇಲ್ಲ. ಒಂದು ವೈರೂ ಇಲ್ಲ. ಸದ್ದು ಎಲ್ಲಿಂದ ಬರಬೇಕು?"

"ಬರಬಾರದು ಅಂತಲೇ ಅಲ್ಲವೇನಯ್ಯಾ ಈ ಇಲಾಖೆ ಇರೋದು?" ಎಂದರು ನಿರ್ದೇಶಕರು.

ಮುಳ್ಳು ಸೊನ್ನೆಯಿಂದ ಅಲುಗಾಡಿರಲಿಲ್ಲ. ಇಲಾಖೆಯ ಇತಿಹಾಸದಲ್ಲೇ ಇಂಥ ಫಲಿತಾಂಶ ಬಂದಿರಲಿಲ್ಲ. ಮುಂದಿನ ಪ್ರಶ್ನೆ ಬೆಲೆಯದ್ದು. ಇದರ ಬೆಲೆ ಎರಡನೆಯದರ ದುಪ್ಪಟ್ಟು.

"ಅದ್ಯಾಕೆ?" ಎಂದೆ.

"ಪೆಟ್ಟಿಗೆ ಇರೋ ಸೆಟ್ಟಲ್ಲಿ ಸದ್ದು ಸೋರುತ್ತೆ," ಎಂದು ಭಾವಮೈದುನರು ಸಮಾಧಾನವಾಗಿ ವಿವರಿಸಿದರು. "ನಾವು ಪೂರ್ತಿ ತೆಗೆದುಬಿಟ್ಟಿದೀವಿ. ತೆಗೆಯೋ ಕೆಲಸ ಕಷ್ಟ ಅಲ್ವಾ?"

ಇಡೀ ಸಮಿತಿ ತಲೆದೂಗಿತು. ನಾನೂ ತೂಗಿದೆ. ಕಾರ್ಯದರ್ಶಿಯ ಕೆಲಸವೇ ಅದು. ಕೆಳಗಿನ ಪ್ರಕಟಣೆ ಫಲಕಕ್ಕೆ ಹತ್ತಿತು:

"ಮೂರನೆಯ ಸೆಟ್ಟು ಸದ್ದಿನಲ್ಲಿ ಅತಿ ಕಡಿಮೆಯೂ ಬೆಲೆಯಲ್ಲಿ ಅತಿ ಹೆಚ್ಚೂ ಆಗಿದ್ದು, ಎರಡೂ ರೀತಿಯಲ್ಲಿ ಅತ್ಯುನ್ನತ ದರ್ಜೆಗೆ ಸೇರಿರುವುದರಿಂದ ಅದನ್ನು ಪ್ರಥಮ ಸ್ಥಾನಕ್ಕೆ ಆಯ್ಕೆ ಮಾಡಲಾಗಿದೆ. ಸೋತ ಸೆಟ್ಟುಗಳ ಮಾಲೀಕರು ತಮ್ಮ ಸದ್ದಿಗೆ ತಾವೇ ಹೊಣೆ."

ವಾರ್ಷಿಕೋತ್ಸವ ಬಂತು. ತಾಳಣ್ಣನ ಹೆಂಡತಿ ಇಸ್ತ್ರಿ ಮಾಡಿದ ಸೀರೆಯುಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದರು. ಮೇಡಂ ಪಿಸುದನಿಯಲ್ಲಿ ಹಾಡಿದರು, ನಾನು ಮೆತ್ತಗೆ ನುಡಿಸಿದೆ. ಆಮೇಲೆ ತಾಳಣ್ಣನೊಬ್ಬನೇ ಬಾರಿಸುವ ಸರದಿ. ಬಾರಿಸಿದ ನೋಡಿ! ಮೈಯೆಲ್ಲ ಬೆವರು, ಕೋಲುಗಳು ಕಣ್ಣಿಗೆ ಕಾಣುತ್ತಿರಲಿಲ್ಲ. ಸಭಾಂಗಣದಲ್ಲಿ ಫ್ಯಾನ್ ತಿರುಗುವುದು ಕೇಳಿಸುತ್ತಿತ್ತು. ನಿರ್ದೇಶಕರು ಕಣ್ಣು ಮುಚ್ಚಿ "ಆಹಾ" ಎಂದರು. ಎಲ್ಲರೂ ನಿಯಮದ ಪ್ರಕಾರ ಎರಡು ಬೆರಳುಗಳಿಂದ ಅಂಗೈ ತಟ್ಟಿದರು. ಮೀಟರ್ ಸೊನ್ನೆ ತೋರಿಸುತ್ತಿದೆ ಎಂದು ಇನ್ಸ್‌ಪೆಕ್ಟರು ಹೆಮ್ಮೆಯಿಂದ ಘೋಷಿಸಿದರು. ಆ ಘೋಷಣೆಗೆ ಮೀಟರ್ ಸ್ವಲ್ಪ ಅಲುಗಿತು, ನಾವು ಅದನ್ನು ಮನ್ನಿಸಿದೆವು.

ತಾಳಣ್ಣ ವೇದಿಕೆ ಇಳಿದು ಹೆಂಡತಿಯ ಮುಂದೆ ನಿಂತ. "ಕೇಳಿಸ್ತಾ?" ಎಂದ.

ಆಕೆ ಅವನ ಬೆವರು ಒರೆಸಿದರು. "ಇಲ್ಲ ಕಣ್ರೀ. ಮನೆ ದಿಂಬೇ ವಾಸಿ, ಅದು ಗುಬುಗುಬು ಅಂತಾದರೂ ಅನ್ನುತ್ತೆ."

ಮರುದಿನದಿಂದ ಅವನು ಇಲಾಖೆಯಲ್ಲಿ ಇರಲಿಲ್ಲ.

ಅವನ ಜಾಗಕ್ಕೆ ಹೊಸಬರನ್ನು ತೆಗೆದುಕೊಳ್ಳಬೇಕೇ ಎಂಬ ವಿಷಯ ಸಮಿತಿಯ ಮುಂದೆ ಬಂದಾಗ, ಬಾರಿಸಿದರೂ ಬಾರಿಸದಿದ್ದರೂ ಮೀಟರಿನಲ್ಲಿ ವ್ಯತ್ಯಾಸವಿಲ್ಲವೆಂಬುದನ್ನು ನಿರ್ದೇಶಕರು ಗುರುತಿಸಿದರು. ಮುಂದಿನ ವರ್ಷದ ಉತ್ಸವದಲ್ಲಿ ಸೆಟ್ಟು ಬಾರಿಸುವವರಿಲ್ಲದೆ ವೇದಿಕೆಯ ಮೇಲೆ ನಿಂತಿತ್ತು. ನಾನು ಮೈಕಿಲ್ಲದೆ ಘೋಷಿಸಿದೆ: "ಈಗ ಡ್ರಮ್ ವಾದನ." ದೀಪದ ಬೆಳಕು ಸ್ಟೂಲಿನ ಮೇಲೆ ಬಿತ್ತು. ಎಲ್ಲರೂ ಶ್ರದ್ಧೆಯಿಂದ ಕೇಳಿದರು. ಹಿಂದಿನ ವರ್ಷಕ್ಕಿಂತ ಈ ಸಲ ಹದವಾಗಿ ಬಂತು ಎಂದು ಉಪನಿರ್ದೇಶಕರು ಪಿಸುಗುಟ್ಟಿದರು.

ನಿವೃತ್ತರ ಸಾಲಿನಲ್ಲಿ ತಾಳಣ್ಣ ಹೆಂಡತಿಯ ಜೊತೆ ಕೂತಿದ್ದ. ಎಲ್ಲರೂ ಎರಡು ಬೆರಳಿನಿಂದ ತಟ್ಟುತ್ತಿದ್ದಾಗ ಅವನು ಎರಡೂ ಅಂಗೈ ಬಿಚ್ಚಿ ತಟ್ಟತೊಡಗಿದ. ಮೊದಲು ವಿಳಂಬ, ಆಮೇಲೆ ನಡೆ ಏರಿತು. ತೊಡೆ ಸೇರಿತು, ಮುಂದಿನ ಕುರ್ಚಿಯ ಬೆನ್ನು ಸೇರಿತು, ಕಾಲು ನೆಲಕ್ಕೆ ಬಿತ್ತು. ಸಭಾಂಗಣ ತುಂಬಿಹೋಯಿತು. ಕೀಬೋರ್ಡಿನ ಮೇಲೆ ನನ್ನ ಬೆರಳುಗಳು ತಾವಾಗಿಯೇ ಕುಣಿಯತೊಡಗಿದ್ದರಿಂದ ನಾನು ಅವುಗಳ ಮೇಲೆ ಕೂತೆ.

ಮುಗಿದ ಮೇಲೆ ಇನ್ಸ್‌ಪೆಕ್ಟರು ಹೋಗಿ ದಂಡದ ಚೀಟಿ ಕೊಟ್ಟರು. ಬಹಳ ಒಳ್ಳೆಯ ಮನುಷ್ಯ, ಕೊಡುವಾಗ ಕ್ಷಮಿಸಿ ಎಂದರು. ತಾಳಣ್ಣ ಚೀಟಿಯನ್ನು ಹೆಂಡತಿಯ ಕೈಗಿತ್ತ. ಆಕೆ ಅದರಲ್ಲಿ ಬರೆದಿದ್ದ ಡೆಸಿಬಲ್ಲನ್ನು ಓದಿದರು.

"ಇವತ್ತು ಕೇಳಿಸ್ತು ನೋಡ್ರಿ," ಎಂದು ಹೇಳಿ, ಪರ್ಸು ತೆಗೆದು ದಂಡ ಕಟ್ಟಿ, ಮುಂದಿನ ವರ್ಷದ್ದನ್ನೂ ಈಗಲೇ ಕಟ್ಟಬಹುದೇ ಎಂದು ವಿಚಾರಿಸಿದರು. ಅದಕ್ಕೆ ನಿಯಮದಲ್ಲಿ ಅವಕಾಶವಿದೆ ಎಂದು ನಾನು ತಿಳಿಸಿದೆ.