ನಮ್ಮ ಊಟದ ಮೇಜಿನಲ್ಲಿ ರಾಕ್ಷಸರಿಗೆ ಜಾಗ

ನಮ್ಮ ಮನೆಯಲ್ಲಿ ಸಣ್ಣ ವಿಷಯಗಳೇ ದೊಡ್ಡ ಸಭೆಗಳಾಗುತ್ತವೆ. ಹಿತ್ತಿಲಿನ ಸೀಬೆ ಗಿಡ ಕಡಿಯಬೇಕೇ ಬೇಡವೇ ಎಂದು ನಾಲ್ಕು ವಾರ ಚರ್ಚೆ ನಡೆದು, ಅಷ್ಟರಲ್ಲಿ ಗಿಡ ತಾನೇ ಒಣಗಿಹೋದ ದಾಖಲೆ ನನ್ನ ಬಳಿ ಇದೆ. ದಾಖಲೆ ಎಂದರೆ ನಿಜವಾದ ದಾಖಲೆಯೇ. ನಾನು ಸಸ್ಯಶಾಸ್ತ್ರದಲ್ಲಿ ಬಿ.ಎಸ್ಸಿ., ಪ್ರಥಮ ದರ್ಜೆ. ಕುಕ್ ಟೌನಿನ ನಮ್ಮ ಮಹಿಳಾ ಸಮಾಜಕ್ಕೆ ಹನ್ನೊಂದು ವರ್ಷ ಕಾರ್ಯದರ್ಶಿಯಾಗಿದ್ದವಳು. ನಾಲ್ಕು ಜನ ಒಂದು ಮೇಜಿನ ಸುತ್ತ ಕೂತರೆ ನನ್ನ ಕೈ ತಾನಾಗಿ ನಡಾವಳಿ ಪುಸ್ತಕ ಹುಡುಕುತ್ತದೆ.

ಎರಡು ಸಾವಿರದ ಇಸವಿ ದಾಟಿದ ಹೊಸತು. ಕಾಲೇಜಿನಲ್ಲಿ ಪಾಠ ಹೇಳುವ ನನ್ನ ಮಗಳು ಭಾನುವಾರ ಮಧ್ಯಾಹ್ನ ನಮ್ಮ ಊಟದ ಮೇಜಿನ ಮೇಲೆ ಒಂದು ಆಟ ಶುರುಮಾಡಿದಳು. ಅದಕ್ಕೆ ಹಾಸೂ ಇಲ್ಲ, ಕಾಯಿಯೂ ಇಲ್ಲ. ಒಬ್ಬರು ಯಾವುದೋ ಮಾಯಾಲೋಕದ ಕಥೆ ಹೇಳುತ್ತಾ ಹೋಗುತ್ತಾರೆ, ಉಳಿದವರು ಅದರಲ್ಲಿ ಒಂದೊಂದು ಪಾತ್ರವಾಗಿ 'ನಾನು ಈಗ ಬಾಗಿಲು ಒಡೆಯುತ್ತೇನೆ', 'ನಾನು ಓಡುತ್ತೇನೆ' ಎಂದು ಹೇಳಬೇಕು. ಬಾಗಿಲು ಒಡೆಯಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ಒಂದು ದಾಳ ಹೇಳುತ್ತದೆ. ಆದರೆ ಇದೆಲ್ಲಕ್ಕೂ ಮೊದಲು ಆ ಲೋಕದಲ್ಲಿ ಯಾವ ಯಾವ ಕುಲದವರು ಇರಬಹುದು ಎಂದು ಗೊತ್ತುಮಾಡಬೇಕು. ಮನುಷ್ಯರು, ಚೂಪು ಕಿವಿಯ ದೀರ್ಘಾಯುಷಿಗಳು, ಗಡ್ಡದ ಕುಳ್ಳರು, ರೆಕ್ಕೆಯವರು, ಹಲ್ಲಿಮುಖದವರು, ಹೀಗೆ.

ಇದರಲ್ಲಿ ನನಗೇನು ಆತಂಕ ಎಂದು ಕೇಳಬಹುದು. ಇಂದಿರಾನಗರದ ಗೆಳತಿಯ ಮನೆಯಲ್ಲಿ ಮಗಳು ಮೊದಲು ಕೂಡಿಸಿದ್ದ ಗುಂಪು ಈ ಕುಲಗಳ ಜಗಳದಲ್ಲೇ ಮೂರು ವಾರಕ್ಕೆ ಒಡೆದುಹೋಗಿತ್ತು. ಅದಕ್ಕೂ ಹಿಂದೆ, ಗೊತ್ತಾಗಿದ್ದ ಅವಳ ಮದುವೆ ಮುರಿದಿತ್ತು. ಎಲ್ಲ ಒಪ್ಪಿ ಹೋದ ಮೇಲೆ ಗಂಡಿನ ಕಡೆಯವರು ಜಾತಕ ಮತ್ತೆ ತೆಗೆದು ನೋಡಿ, 'ನಮ್ಮ ಹುಡುಗ ದೇವಗಣ, ನಿಮ್ಮ ಹುಡುಗಿ ರಾಕ್ಷಸಗಣ, ಕೂಡಿಬರೋಲ್ಲ' ಎಂದುಬಿಟ್ಟರು. ಅವಳು ಅಳಲಿಲ್ಲ, ಬೈಯಲಿಲ್ಲ. ಕಾಲೇಜಿಗೆ ಹೋಗುವಳು, ಬರುವಳು, ಕೋಣೆಯ ಬಾಗಿಲು ಹಾಕಿಕೊಳ್ಳುವಳು. ಎಂಟು ತಿಂಗಳು ತಟ್ಟೆಯನ್ನು ಒಳಗೇ ಕೊಟ್ಟಿದ್ದೇನೆ. ಹಾಗಾಗಿ ಆ ದಾಳ ಮೊದಲ ಸಲ ನಮ್ಮ ಮೇಜಿನ ಮೇಲೆ ಉರುಳಿದ ಸದ್ದು ನನಗೆ ದೇವರ ಮನೆಯ ಗಂಟೆಯಂತೆ ಕೇಳಿಸಿತ್ತು. ಈ ಗುಂಪೂ ಒಡೆದರೆ ಆ ಬಾಗಿಲು ಮತ್ತೆ ಹಾಕಿಕೊಳ್ಳುತ್ತದೆ ಎಂಬುದೊಂದೇ ನನ್ನ ಭಯ.

೧. ಅಭ್ಯಾಸ ಇರುವ ಕುಲ

ಆಟಗಾರರು ಮೂವರು. ಒಬ್ಬರು ನಮ್ಮ ಯಜಮಾನರು. ಇನ್ನೊಬ್ಬರು ಅವರ ಬೆಳಗಿನ ವಾಕಿಂಗಿನ ಜೊತೆಗಾರ, ರಿಚರ್ಡ್ಸ್ ಟೌನಿನ ಆಂಗ್ಲೋ ಇಂಡಿಯನ್ ಅಂಕಲ್, ನಿವೃತ್ತ ರೈಲ್ವೆ ಗಾರ್ಡ್. ಮೂರನೆಯವನು ನಮ್ಮ ಮಹಡಿಯ ಬಾಡಿಗೆಯ ಹುಡುಗ, ರಾಯಚೂರಿನವನು, ಸಿ.ವಿ. ರಾಮನ್ ನಗರದ ಕಡೆ ಒಂದು ಕಚೇರಿಯಲ್ಲಿ ಕೆಲಸ.

ಮೊದಲ ಸಭೆಯಲ್ಲಿ ಮಗಳು ಬೆರಳಚ್ಚು ಮಾಡಿದ ಪಟ್ಟಿ ಓದಿದಳು. ದೀರ್ಘಾಯುಷಿಗಳ ಹೆಸರು ಬರುತ್ತಲೇ ಅಂಕಲ್ ಕೈಯೆತ್ತಿದರು.

"ಎಷ್ಟು ವರ್ಷ ಬದುಕ್ತಾರೆ ಇವ್ರು?"

"ಸಾವಿರ ವರ್ಷ, ಅಂಕಲ್."

"ರಿಟೈರ್ಮೆಂಟ್ ಯಾವಾಗ?"

"ಅವರಿಗೆ ಅದೆಲ್ಲ ಇಲ್ಲ."

"ಬೇಡಮ್ಮಾ, ತೆಗೆದ್ಬಿಡು. ಐವತ್ತೆಂಟು ವರ್ಷಕ್ಕೇ ನನ್ ಮಂಡಿ ಹೋಯ್ತು. ಸಾವಿರ ವರ್ಷ ಯಾರು ಮೆಟ್ಟಿಲು ಹತ್ತೋದು?"

ಹೀಗೆ ಒಂದು ಇಡೀ ಕುಲ ಮಂಡಿನೋವಿನಿಂದ ಅನರ್ಹವಾಯಿತು. ನಾನು ಬರೆದುಕೊಂಡೆ. ಆಮೇಲೆ ಯಜಮಾನರ ಸರದಿ. ಅವರು ಪಟ್ಟಿಯ ಎರಡು ಹಾಳೆಗಳನ್ನೂ ಕನ್ನಡಕ ಏರಿಸಿ, ಇಳಿಸಿ, ಪೂರ್ತಿ ಓದಿದರು. ಹುಡುಗ ಕಾದು ಕಾದು ಆಕಳಿಸಿದ. ಮಗಳ ಮುಖದ ಉತ್ಸಾಹ ಇಳಿಯತೊಡಗಿತು. ನಾನು ಮೇಜಿನ ಕೆಳಗೆ ಅವರ ಕಾಲು ಒತ್ತಿದೆ.

"ನಾನು ಮನುಷ್ಯನಾಗೇ ಇರ್ತೀನಿ," ಎಂದರು ಕೊನೆಗೆ.

"ಅಪ್ಪಾ, ಇಷ್ಟೆಲ್ಲ ಇದೆ! ಮನುಷ್ಯನೇ ಯಾಕೆ?"

"ಸ್ವಲ್ಪ ಅಭ್ಯಾಸ ಇದೆ," ಎಂದರು. ಆಮೇಲೆ ನನ್ನ ಕಡೆ ನೋಡಿ, "ನಿಮ್ಮಮ್ಮನ ಅಭಿಪ್ರಾಯ ಬೇರೆ ಇರಬಹುದು," ಎಂದು ಸೇರಿಸಿದರು.

೨. ರೆಕ್ಕೆಯ ಠರಾವು

ರಾಯಚೂರಿನ ಹುಡುಗನಿಗೆ ರೆಕ್ಕೆ ಬೇಕಿತ್ತು. ಮಗಳು ಒಪ್ಪಲಿಲ್ಲ. ಅವಳು ಎರಡು ವಾರ ಕೂತು ಒಂದು ಕೋಟೆ ಯೋಚಿಸಿದ್ದಳು, ಏಳು ಸುತ್ತಿನ ಗೋಡೆಯದ್ದು. ಇವನು ಹಾರಿದರೆ ಐದು ನಿಮಿಷಕ್ಕೆ ಕಥೆ ಮುಗಿದಂತೆ.

"ಅಮ್ಮಾರ, ನೀವರ ಹೇಳ್ರಿ," ಎಂದು ಹುಡುಗ ನನ್ನ ಕಡೆ ತಿರುಗಿದ. "ದಿನಾ ಎರಡು ಬಸ್ಸು ಬದಲಿ ಮಾಡಿ, ಹಲಸೂರಿನ್ಯಾಗ ಅರ್ಧಾ ತಾಸು ನಿಂತು ಬರ್ತೀನ್ರಿ. ವಾರಕ್ಕ ಒಂದಿನರ ಮ್ಯಾಲಿಂದ ಹೋಗಾಕ ಬಿಡ್ರಿ."

"ಗೋಡೆ ಯಾಕೆ ಕಟ್ಟಿದೀನಿ ಹಾಗಿದ್ರೆ?" ಎಂದಳು ಮಗಳು.

"ನಾ ಹೇಳಿದ್ನೇನ್ರಿ ಕಟ್ಟ್ರಿ ಅಂತ?"

ಅವನು ಕುರ್ಚಿ ಹಿಂದಕ್ಕೆ ತಳ್ಳಿದ. ಇಂದಿರಾನಗರದಲ್ಲೂ ಹೀಗೇ ಒಬ್ಬರು ಕುರ್ಚಿ ತಳ್ಳಿ ಎದ್ದದ್ದರಿಂದ ಗುಂಪು ಒಡೆದದ್ದು ಎಂದು ಮಗಳು ಹೇಳಿದ್ದಳು. ಇಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ಮಹಿಳಾ ಸಮಾಜ ನನಗೆ ಕಲಿಸಿದೆ. ಇಬ್ಬರಿಗೂ ಅರ್ಧರ್ಧ ಕೊಡುವ ಠರಾವು ಬರೆದು, ಓದಿ, ಯಾರಿಗೂ ಅರ್ಥವಾಗುವ ಮೊದಲು ಸಹಿ ಹಾಕಿಸಿಬಿಡಬೇಕು.

ನಾನು ಎದ್ದು ನಿಂತು ಓದಿದೆ: "ರೆಕ್ಕೆಯ ಕುಲಕ್ಕೆ ಅನುಮತಿ ನೀಡಲಾಗಿದೆ. ಆದರೆ ಕೋಟೆಯ ಒಳಗೂ ಹೊರಗೂ ಹಾರತಕ್ಕದ್ದಲ್ಲ."

ಎಲ್ಲರೂ ಸಹಿ ಹಾಕಿದರು. ಹುಡುಗನೂ ಹಾಕಿದ. ಪೆನ್ನು ಕೆಳಗಿಟ್ಟು, ಎರಡು ಸಲ ಓದಿಕೊಂಡು, ನಿಧಾನವಾಗಿ ಕೇಳಿದ:

"ಹಾರಂಗಿಲ್ಲ ಅಂದ್ರ ರೆಕ್ಕಿ ಯಾಕ್ರಿ ಅಮ್ಮಾರ? ಸೆಕಿ ಆದ್ರ ಬೀಸ್ಕೊಳ್ಳಾಕೇನು?"

೩. ತಾಂತ್ರಿಕ ತಿದ್ದುಪಡಿ

ಇದು ನನ್ನ ತಪ್ಪು, ದಾಖಲೆಯಲ್ಲಿ ಇರಲಿ ಎಂದು ಬರೆಯುತ್ತಿದ್ದೇನೆ.

ಪಟ್ಟಿಯ ಎರಡನೆಯ ಹಾಳೆಯ ಕೆಳಗೆ 'ಅರ್ಧ ರಾಕ್ಷಸ' ಎಂದೊಂದು ಕುಲವಿತ್ತು. ಪಟ್ಟಿಯನ್ನು ನಡಾವಳಿ ಪುಸ್ತಕಕ್ಕೆ ಅಂಟಿಸುವಾಗ ಅದು ಕಣ್ಣಿಗೆ ಬಿತ್ತು. ಯಾವ ಮಾತನ್ನು ಈ ಮನೆಯಲ್ಲಿ ಮದುವೆ ಮುರಿದಂದಿನಿಂದ ಯಾರೂ ಆಡಿರಲಿಲ್ಲವೋ ಅದನ್ನು ಭಾನುವಾರ ಭಾನುವಾರ ಅವಳ ಮುಂದೆ ಕೂಗಿ ಆಡುವುದೇ? ನಾನು ಒಲೆಯ ಮೇಲೆ ಹಾಲಿಟ್ಟು ಬಂದು, ವೈಟ್ನರ್ ಹಚ್ಚಿ, ಊದಿ ಒಣಗಿಸಿ, ಹಾಲು ಉಕ್ಕುವುದರೊಳಗೆ ವಾಪಸ್ಸಾದೆ. ಇಷ್ಟು ವರ್ಷಗಳಲ್ಲಿ ನಾನು ದಾಖಲೆ ತಿದ್ದಿದ್ದು ಅದೊಂದೇ ಸಲ.

ಮುಂದಿನ ಭಾನುವಾರ ಅಂಕಲ್ ತಮ್ಮ ಪಾತ್ರವನ್ನು ಪೂರಾ ಬರೆದುಕೊಂಡು ಬಂದರು. ಎತ್ತರ, ತೂಕ, ಕೋರೆಹಲ್ಲಿನ ಉದ್ದ, ಎಲ್ಲ ಗಾರ್ಡ್ ರಿಪೋರ್ಟಿನಂತೆ ಅಚ್ಚುಕಟ್ಟು.

"ನಾನು ಹಾಫ್ ರಾಕ್ಷಸ, ಮೇಡಂ. ಬರ್ಕೊಳ್ಳಿ."

"ಅಂಥದ್ದು ಪಟ್ಟಿಯಲ್ಲಿ ಇಲ್ಲ," ಎಂದೆ, ಪುಸ್ತಕದಿಂದ ತಲೆ ಎತ್ತದೆ.

"ಲಾಸ್ಟ್ ವೀಕ್ ಇತ್ತಲ್ಲ!"

"ತಾಂತ್ರಿಕ ತಿದ್ದುಪಡಿ ಆಗಿದೆ."

"ಮೂವತ್ತೈದು ವರ್ಷ ರೈಲ್ವೇಲಿ ಇದ್ದೆ. ಟ್ರೈನ್ ಲೇಟ್ ಆಗಿದೆ, ಕ್ಯಾನ್ಸಲ್ ಆಗಿದೆ. ಪ್ಲಾಟ್‌ಫಾರಂ ಮೇಲೆ ನಿಂತಿದ್ ಟ್ರೈನ್ ಇಲ್ವೇ ಇಲ್ಲ ಅಂತ ಯಾರೂ ಹೇಳಿಲ್ಲ, ಮೇಡಂ!"

ಮಗಳು ಪುಸ್ತಕ ತನ್ನ ಕಡೆ ಎಳೆದುಕೊಂಡಳು. ಬಿಳಿಯ ಕಲೆಯ ಮೇಲೆ ಬೆರಳಾಡಿಸಿದಳು. ನನ್ನನ್ನು ನೋಡಿದಳು. ಎದ್ದು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅಂಕಲ್ ತಮ್ಮ ಹಾಳೆಯನ್ನು ಮಡಚಿ ಜೇಬಿಗಿಟ್ಟರು. ಹುಡುಗ ದಾಳವನ್ನು ಅಂಗೈಯಲ್ಲಿ ಮುಚ್ಚಿಕೊಂಡ. ಯಜಮಾನರು ಮಾತ್ರ ಮೆಲ್ಲಗೆ, "ಅಳಿಸೋಕೆ ನಿನಗೆ ಯಾರು ಹೇಳಿದ್ರು?" ಎಂದರು. ಒಳಗೆ ಕಪಾಟಿನ ಬಾಗಿಲು ತೆಗೆದ ಸದ್ದು, ಹಾಕಿದ ಸದ್ದು. ಮತ್ತೆ ತಟ್ಟೆ ಒಳಗೆ ಕೊಡುವ ದಿನಗಳು ಬಂದವು ಎಂದುಕೊಂಡೆ.

ಹತ್ತು ನಿಮಿಷಕ್ಕೆ ಬಾಗಿಲು ತೆರೆಯಿತು. ಕೈಯಲ್ಲಿ ಒಂದು ಕಡತ ಹಿಡಿದು ಬಂದು, ಹೊಸದೊಂದು ಹಾಳೆಯನ್ನು ನನ್ನ ಮುಂದಿಟ್ಟಳು. ಕಾರ್ಬನ್ ಪ್ರತಿ. ಅರ್ಧ ರಾಕ್ಷಸ ತನ್ನ ಜಾಗದಲ್ಲೇ ಇದ್ದ.

"ನಾನು ನಿನ್ನ ಮಗಳು ಕಣಮ್ಮ," ಎಂದಳು. "ಯಾವ ಪಟ್ಟಿಯನ್ನಾದ್ರೂ ಮೂರು ಪ್ರತಿ ಮಾಡದೆ ನಿನ್ನ ಕೈಗೆ ಕೊಡ್ತೀನಾ?"

೪. ರಾಕ್ಷಸಗಣ

ಇದಾದ ಎರಡು ತಿಂಗಳಿಗೆ ಅಂಕಲ್‌ಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಮೂವರು ಆಟಗಾರರು ಇಲ್ಲದಿದ್ದರೆ ಆಟವಿಲ್ಲ ಎಂಬ ಕೋರಂ ನಿಯಮವನ್ನು ಬರೆದವಳು ನಾನೇ. ಹಾಗಾಗಿ ಅವರ ಪಾತ್ರವನ್ನು ಒಂದು ದಿನದ ಮಟ್ಟಿಗೆ ನಾನು ಆಡಬೇಕಾಯಿತು. ನಡಾವಳಿ ಪುಸ್ತಕವನ್ನು ಯಜಮಾನರಿಗೆ ಒಪ್ಪಿಸಿ ಕೂತೆ. ಅಡುಗೆಮನೆಯಿಂದ ಹಾಗೇ ಎದ್ದು ಬಂದದ್ದರಿಂದ ಕೈಯಲ್ಲಿ ಸೌಟಿತ್ತು.

ಮಗಳು ಕಥೆ ಹೇಳಿದಳು: ಮೂವರೂ ಒಂದು ಪಟ್ಟಣದ ಹೆಬ್ಬಾಗಿಲಿಗೆ ಬಂದಿದ್ದೇವೆ. ಕಾವಲುಗಾರ ಮನುಷ್ಯನನ್ನು ಒಳಗೆ ಬಿಟ್ಟ. ರೆಕ್ಕೆಯವನನ್ನೂ ಬಿಟ್ಟ. ನನ್ನನ್ನು ತಡೆದ. ಮಗಳು ಕಾವಲುಗಾರನ ದನಿಯಲ್ಲಿ ಮೂಗೆಳೆದು, "ನೀನು ಯಾವ ಗಣ? ರಾಕ್ಷಸರಿಗೆ ಇಲ್ಲಿ ಜಾಗ ಇಲ್ಲ," ಎಂದಳು.

ಅದು ಆಟ ಎಂದು ನನಗೆ ಗೊತ್ತಿತ್ತು. ಆದರೂ ಎಂಟು ತಿಂಗಳು ತಟ್ಟೆ ಹಿಡಿದು ಬಾಗಿಲು ಬಡಿದ ಸಿಟ್ಟು ಎಲ್ಲಿತ್ತೋ, ಒಂದೇ ಸಲಕ್ಕೆ ಬಂತು. ಎದ್ದು ನಿಂತು ಸೌಟಿನಿಂದ ಮೇಜು ಗುದ್ದಿದೆ.

"ನನ್ನ ಗಣ ಕೇಳೋಕೆ ನೀನು ಯಾರೋ? ಹೌದು, ರಾಕ್ಷಸಿ! ನಿನ್ನನ್ನೂ ನುಂಗ್ತೀನಿ, ನಿಮ್ಮ ಮನೆಯವರನ್ನೂ ನುಂಗ್ತೀನಿ, ಆಮೇಲೆ ಕೂತು ಮಾತಾಡೋಣ!"

ದಾಳ ಎಸೆದೆ. ಇಪ್ಪತ್ತು ಬಿತ್ತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರೂ ನನ್ನ ಬೆನ್ನ ಹಿಂದೆ ನೋಡುತ್ತಿದ್ದರು.

ತೆರೆದ ಬಾಗಿಲಲ್ಲಿ ನಮ್ಮ ಸಂಬಂಧಿ ಅತ್ತೆಯೊಬ್ಬರು ನಿಂತಿದ್ದರು, ನಮ್ಮ ಬಳಗಕ್ಕೆಲ್ಲ ಸಂಬಂಧ ಹುಡುಕಿಕೊಡುವವರು. ಅವರ ಪಕ್ಕದಲ್ಲಿ ಅಪರಿಚಿತ ಹೆಂಗಸು, ರೇಷ್ಮೆ ಸೀರೆ, ಕೈಯಲ್ಲಿ ಹಣ್ಣಿನ ಚೀಲ. "ಇವರು ಗಂಡಿನ ತಾಯಿ, ಹೊಸ ಸಂಬಂಧ. ಇಲ್ಲೇ ಹತ್ತಿರ ಬಂದಿದ್ವಿ, ಹಾಗೇ..." ಎಂದರು ಅತ್ತೆ, ಹೆದರಿಕೊಂಡೇ.

ಆ ಹೆಂಗಸು ಒಂದು ಹೆಜ್ಜೆ ಹಿಂದೆ ಸರಿದರು. ಯಜಮಾನರು ಪುಸ್ತಕ ಬದಿಗಿಟ್ಟು ಧಾವಿಸಿದರು. "ಬನ್ನಿ, ಬನ್ನಿ, ಗಾಬರಿ ಬೇಡಿ. ಇವಳು ದಿನಾ ಹೀಗಿರಲ್ಲ. ಇವತ್ತೊಂದಿನ ಮಾತ್ರ."

ಕಾಫಿ ಕುಡಿದರು. ಹೆಚ್ಚು ಮಾತಾಡಲಿಲ್ಲ. ಹೊರಟಾಗ ಹಣ್ಣಿನ ಚೀಲವನ್ನು ನನ್ನ ಕೈಗೆ ಕೊಡದೆ ಮೇಜಿನ ಮೇಲಿಟ್ಟು ಹೋದರು. ಎರಡು ದಿನ ಫೋನಿಲ್ಲ. ಸಂಬಂಧ ತಪ್ಪಿದರೆ ತಪ್ಪಲಿ, ಆದರೆ ಆ ಗಣದ ಮಾತು ಮತ್ತೊಮ್ಮೆ ಈ ಮನೆಗೆ ಬಂದರೆ ಇವಳು ಏನಾಗುತ್ತಾಳೋ ಎಂದು ನನಗೆ ಅನ್ನ ಸೇರಲಿಲ್ಲ. ಕೋಣೆಯ ಮುಂದೆ ಹಾಯುವಾಗಲೆಲ್ಲ ಬಾಗಿಲು ತೆರೆದಿದೆಯೇ ಎಂದು ನೋಡುವುದೇ ಕೆಲಸವಾಯಿತು.

ಮೂರನೆಯ ದಿನ ಅತ್ತೆಯ ಫೋನು ಬಂತು. ಅವರ ದನಿ ಎಷ್ಟು ದೊಡ್ಡದೆಂದರೆ ಪಕ್ಕದಲ್ಲಿ ನಿಂತ ಮಗಳಿಗೂ ಪ್ರತಿ ಅಕ್ಷರ ಕೇಳುತ್ತಿತ್ತು. ನಾನು ಕಣ್ಣಲ್ಲೇ 'ಒಳಗೆ ಹೋಗು' ಎಂದೆ. ಅವಳು ಅಲ್ಲಾಡಲಿಲ್ಲ.

"ಹುಡುಗಿ ಅವರಿಗೆ ತುಂಬಾ ಹಿಡಿಸಿದಾಳೆ ಕಣೇ," ಎಂದರು ಅತ್ತೆ.

"ಜಾತಕ?"

"ಹುಡುಗಿಯದು ನೋಡೋದೇ ಇಲ್ಲವಂತೆ. ಯಾವ ಗಣ ಆದ್ರೂ ಅಡ್ಡಿ ಇಲ್ಲ ಅಂದ್ರು."

ನಾನು ಗೋಡೆಗೆ ಒರಗಿದೆ. "ಮತ್ತೆ ಎರಡು ದಿನ ಯಾಕೆ ಸುಮ್ಮನಿದ್ರು?"

"ಅದೇ... ಅವರಿಗೆ ಒಂದೇ ಒಂದು ಅನುಮಾನ," ಎಂದು ಅತ್ತೆ ಗಂಟಲು ಸರಿಮಾಡಿಕೊಂಡರು. "ತಪ್ಪು ತಿಳ್ಕೋಬೇಡ. ನಿನ್ನ ಜಾತಕ ಕಳಿಸ್ತೀಯಾ ಅಂತ ಕೇಳಿದಾರೆ."

ಮಗಳು ನೆಲದ ಮೇಲೆ ಕುಸಿದು ಕೂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಆ ಸದ್ದಿಗೆ ಮಹಡಿಯ ಹುಡುಗ ಏನಾಯಿತೋ ಎಂದು ಓಡಿ ಇಳಿದು ಬಂದ. ಅವಳು ಕಣ್ಣೊರೆಸಿಕೊಂಡು ರಿಸೀವರನ್ನು ನನ್ನ ಕೈಯಿಂದ ಕಿತ್ತುಕೊಂಡಳು.

"ಅತ್ತೆ, ಜಾತಕ ಎಲ್ಲ ಯಾಕೆ? ಅವರು ಕಣ್ಣಾರೆ ನೋಡಿಕೊಂಡೇ ಹೋಗಿದಾರಲ್ಲ!"