ಡೇರಿ ಬೋರ್ಡಿನ ಕೆಳಗಿನ ಎರಡು ಗೇಣು ಜಾಗ

ನಂಬಲ್ಲ ಅನ್ನೋರು ಬೆಳಗ್ಗೆ ಆರಕ್ಕೆ ನಮ್ಮೂರ ಹಾಲಿನ ಡೇರಿ ಮುಂದೆ ಬಂದು ನಿಂತ್ಕೊಳ್ಳಿ. ತೂಬಗೆರೆ ದಾಟಿ ಯಾರನ್ನ ಕೇಳಿದರೂ ದಾರಿ ತೋರಿಸ್ತಾರೆ. ನಾನು ಹೇಳೋದರಲ್ಲಿ ಒಂದಕ್ಷರ ಸುಳ್ಳು ಅಂತ ತೋರಿಸಿಕೊಟ್ಟರೆ ನಿಮ್ಮ ಪೆಟ್ರೋಲ್ ಖರ್ಚು ನಂದು. ಇದುವರೆಗೂ ಒಬ್ಬರಿಗೂ ಕೊಟ್ಟಿಲ್ಲ. ಯಾರೂ ಬಂದಿಲ್ಲ ಅನ್ನೋದು ಬೇರೆ ಮಾತು.

ನಾನು ಆ ಡೇರಿಯಲ್ಲಿ ಹಾಲು ಟೆಸ್ಟ್ ಮಾಡೋನು, ಫ್ಯಾಟ್ ಎಷ್ಟಿದೆ ಅಂತ ನೋಡೋನು. ಅದರ ಮೇಲೇ ಹಾಲಿಗೆ ರೇಟು. ಬಿ.ಕಾಂ. ಆಗಿದೆ. ಊರಲ್ಲಿ ನನಗಿಂತ ಜಾಸ್ತಿ ವಿಷಯ ಗೊತ್ತಿರೋ ಹುಡುಗ ಇದ್ದರೆ ಕರ್ಕೊಂಡು ಬನ್ನಿ, ಎದುರಿಗೇ ಕೂತು ಮಾತಾಡೋಣ. ಅರ್ಧ ಮೊಬೈಲ್‌ನಲ್ಲಿ ಓದಿದ್ದು, ಇನ್ನರ್ಧ ಏರ್‌ಪೋರ್ಟಿಗೆ ಕ್ಯಾಬ್ ಓಡಿಸೋ ನಮ್ಮ ಭಾವ ದೇಶ ಸುತ್ತಿದ ಪ್ಯಾಸೆಂಜರುಗಳ ಬಾಯಿಂದ ಕೇಳಿಕೊಂಡು ಬಂದಿದ್ದು. ಇಷ್ಟು ವಿಷಯ ಒಬ್ಬನ ತಲೇಲೇ ಇಟ್ಕೊಂಡರೆ ಊರಿಗೇನು ಪ್ರಯೋಜನ?

ಡೇರಿ ಗೋಡೆ ಮೇಲೆ ಒಂದು ಕರಿಹಲಗೆ ಇದೆ. ಬೂಸಾ ಯಾವತ್ತು ಬರುತ್ತೆ, ದನಕ್ಕೆ ಲಸಿಕೆ ಯಾವತ್ತು, ಎಲ್ಲ ಅದರಲ್ಲಿ. ಕೆಳಗೆ ಎರಡು ಗೇಣು ಜಾಗ ಖಾಲಿ ಇರ್ತಿತ್ತು. ಅಡ್ಡಕ್ಕೆ ಒಂದು ಗೆರೆ ಎಳೆದು, ದಿನಕ್ಕೊಂದು ವಿಷಯ ಬರೆಯೋಕೆ ಶುರು ಮಾಡಿದೆ. ಸಿನಿಮಾದ್ದು, ದುಡ್ಡಿಂದು, ದೇಶಾಂತರದ ವಿಚಿತ್ರ ಸುದ್ದಿ, ಯಾವುದು ಸಿಕ್ಕಿದರೆ ಅದು.

ಡೇರಿ ಸೆಕ್ರೆಟರಿ ಒಂದು ಷರತ್ತು ಹಾಕಿದರು. ಸೊಂಟದ ದಾರದಲ್ಲಿ ಬೀಗದ ಕೈ ಕಟ್ಟಿಕೊಂಡು ಓಡಾಡೋ ಜಾಗ್ರತೆ ಮನುಷ್ಯ ಅವರು. "ಬರ್ಕೋ ಮಗ. ಆದ್ರೆ ಮೂರು ಕಂಪ್ಲೇಂಟ್ ಬಂದ ದಿನ ಒರೆಸಿ ಹಾಕ್ತೀನಿ. ಆಮೇಲೆ ನೀನು ಸೀಮೆಸುಣ್ಣ ಮುಟ್ಟಂಗಿಲ್ಲ."

"ಮೂರಲ್ಲ ಅಣ್ಣಾ, ಒಂದು ಬಂದ್ರೆ ಕೇಳಿ," ಅಂದೆ.

ನನಗೆ ತಿಳಿಯದೇ ಇದ್ದ ವಿಷಯ ಅಂದರೆ ಅದೊಂದೇ: ನಮ್ಮೂರಿನವರು ಡೇರಿ ಬೋರ್ಡಲ್ಲಿ ಏನೇ ಬರೆದರೂ ಅದನ್ನ ಡೇರಿ ಆರ್ಡರ್ ಅಂತಲೇ ಓದ್ತಾರೆ. ಹಂಗಾಗಿ ಈಗ ಹೇಳೋ ಇಂಥ ಪಜೀತಿಗಳು ಒಂದಾದ ಮೇಲೊಂದು ಆದವು.

ಸಿನಿಮಾ ಮಳೆ

ಮೊದಲನೇ ವಾರವೇ ಬರೆದೆ: "ಹಳೇ ಕಪ್ಪು-ಬಿಳುಪು ಸಿನಿಮಾದಲ್ಲಿ ಮಳೆ ಕಣ್ಣಿಗೆ ಕಾಣಲಿ ಅಂತ ನೀರಿಗೆ ಹಾಲು ಬೆರೆಸುತ್ತಿದ್ದರಂತೆ."

ಬೆಳಗ್ಗೆ ಸಾಲಲ್ಲಿ ಮೀಸೆ ಮಾವ ನಿಂತಿದ್ದರು. ಊರಿಗೆಲ್ಲ ಅವರು ಮೀಸೆ ಮಾವನೇ. ಬೋರ್ಡನ್ನ ಒಂದು ಸಲ ಓದಿದರು. ಕ್ಯಾನು ಕೆಳಗಿಟ್ಟು ಇನ್ನೊಂದು ಸಲ ಓದಿದರು. ಆಮೇಲೆ ನನ್ನ ಕಿಟಕಿ ಹತ್ರ ಬಂದು ಕಿವಿಯಲ್ಲಿ, "ನೇರವಾಗಿ ಹೇಳಬಾರದಿತ್ತಾ? ಊರಿಗೆಲ್ಲಾ ಸಾರಬೇಕಿತ್ತಾ?" ಅಂದರು.

"ಏನ್ ಮಾವ?"

"ನೀರು ಹಾಲು ಬೆರೆಸೋ ವಿಚಾರ."

"ಅದು ಸಿನಿಮಾದೋರು ಮಾವ."

"ಯಾವ ಸಿನಿಮಾದೋರು ಡೇರಿಗೆ ಹಾಲು ಹಾಕ್ತಾರೆ? ನನಗೇನು ತಿಳಿಯಲ್ವಾ? ಎರಡೇ ಚೊಂಬು ಕಣೋ ನಾನು ಹಾಕಿದ್ದು! ಅದೂ ಹಬ್ಬ ಅಂತ."

ನಾನು ಏನೂ ಕೇಳಿರಲಿಲ್ಲ. ಸಾಲಿನಲ್ಲಿದ್ದ ಇಪ್ಪತ್ತು ಜನವೂ ಕೇಳಿರಲಿಲ್ಲ. ಆದರೆ ಎರಡು ಚೊಂಬು ಅನ್ನೋದನ್ನ ಮಾತ್ರ ಎಲ್ಲರೂ ಕೇಳಿಸಿಕೊಂಡರು. ಮಾವ ರೇಗಿಹೋಗಿ ಸೆಕ್ರೆಟರಿ ಹತ್ರ ಕಂಪ್ಲೇಂಟ್ ಕೊಟ್ಟರು. ಒಂದನೆಯದು.

ಅಷ್ಟಕ್ಕೇ ಮುಗಿಯಲಿಲ್ಲ. ಮಳೆಯಲ್ಲಿ ಹಾಲು ನಿಜವಾಗಲೂ ಕಾಣುತ್ತಾ ಅಂತ ಸಾಲಿಗೆಲ್ಲ ಕುತೂಹಲ ಹತ್ತಿಬಿಡ್ತು. ದ್ರಾಕ್ಷಿ ತೋಟಕ್ಕೆ ಔಷಧಿ ಹೊಡೆಯೋ ಪಂಪನ್ನ ಯಾರೋ ತಂದೇ ಬಿಟ್ಟರು. ಬರೀ ನೀರು ಹೊಡೆದು ನೋಡಿದ್ದಾಯಿತು, ಗೋಡೆ ಮುಂದೆ ಏನೂ ಕಾಣಲಿಲ್ಲ. ಇನ್ನು ಹಾಲು ಬೆರೆಸಿ ಹೊಡೀಬೇಕು. ಒಳ್ಳೇ ಹಾಲು ಹಾಳು ಮಾಡೋರು ಯಾರು ಅಂತ ಎಲ್ಲರೂ ಮುಖ ಮುಖ ನೋಡಿಕೊಳ್ತಿದ್ದರೆ, ಸಾಲಿನ ಮೊದಲಲ್ಲಿದ್ದ ಅಜ್ಜಿ ಬಾಯಿ ಬಿಟ್ಟಳು. ಈ ಅಜ್ಜಿ ಒಂದೂವರೆ ಲೀಟರ್ ಹಾಲು ಹಾಕೋಕೆ ಎಲ್ಲರಿಗಿಂತ ಮುಂಚೆ ಬರೋಳು. ಬಾಯಲ್ಲಿ ಹಲ್ಲಿಲ್ಲ, ಮಾತಿಗೆ ಬರ ಇಲ್ಲ.

"ಅಯ್ಯೋ, ಅದಕ್ಯಾಕ್ ಯೋಚ್ನೆ? ಮೀಸೆಯೋರ ಕ್ಯಾನೇ ಐತಲ್ಲಾ. ಬೆರ್ಸೋ ಕೆಲ್ಸ ಮನೇಲೇ ಆಗೈತೆ."

ಹಸುವಿನ ಗೆಳತಿ

ಇದನ್ನ ಹೇಳದಿದ್ದರೆ ನನಗೇ ಅನ್ಯಾಯ ಮಾಡಿಕೊಂಡ ಹಾಗೆ.

ನಮ್ಮೂರಲ್ಲಿ ಅಣ್ಣ ತಮ್ಮ ಇಬ್ಬರು ಪಾಲಾಗಿದ್ದರು. ಅಂಗಳದ ನಡುವೆ ಗೋಡೆ ಎದ್ದಿತ್ತು. ಗೋಡೆಗೆ ಒಂದು ಬಾಗಿಲು, ಬಾಗಿಲಿಗೆ ಎರಡೂ ಕಡೆ ಚಿಲಕ. ಯಾರಿಗೆ ಯಾವಾಗ ಸಿಟ್ಟು ಬಂದರೂ ಅವರ ಕಡೆಯಿಂದ ಹಾಕಿಕೊಳ್ಳೋಕೆ ಅನುಕೂಲ. ಒಂದೇ ಗೊಂತಿನಲ್ಲಿ ಬೆಳೆದ ಎರಡು ಸೀಮೆಹಸು ಇದ್ದವು, ಒಬ್ಬೊಬ್ಬರಿಗೆ ಒಂದೊಂದು ಹೋಯಿತು. ಅಣ್ಣ-ತಮ್ಮಂದಿರ ನಡುವೆ ಮಾತು ನಿಂತು ಎರಡು ವರ್ಷ. ಏನಾದರೂ ಹೇಳಬೇಕಾದರೆ ಡೇರಿ ಕಿಟಕಿಯಲ್ಲಿ ನನ್ನ ಮುಖ ನೋಡಿಕೊಂಡು ಹೇಳೋರು.

ಒಂದು ದಿನ ಬರೆದೆ: "ಹಸುಗಳಿಗೂ ಜೀವದ ಗೆಳತಿ ಇರ್ತಾಳಂತೆ. ಇಬ್ಬರನ್ನೂ ಬೇರೆ ಮಾಡಿದರೆ ಕೊರಗ್ತಾವಂತೆ. ಇಂಗ್ಲೆಂಡ್ ಕಡೆ ಪರೀಕ್ಷೆ ಮಾಡಿ ನೋಡಿದ್ದಾರೆ."

ಅಣ್ಣ ಬಂದು ಓದಿ, ನನ್ನ ಕಡೆ ತಿರುಗಿ, "ನಮ್ಮ ಹಸು ಹಾಲು ಕಮ್ಮಿ ಕೊಡ್ತಿರೋದು ಇಂಗ್ಲೆಂಡಿಗೆ ಹೆಂಗ್ ಗೊತ್ತಾಯ್ತು?" ಅಂದರು.

ಹಿಂದೆ ನಿಂತಿದ್ದ ತಮ್ಮ, ಅವನೂ ನನ್ನನ್ನೇ ನೋಡಿಕೊಂಡು, "ಕೆಲವರಿಗೆ ಹೇಳಪ್ಪಾ, ನಮ್ ಹಸೂನೂ ಗೋಡೆ ಕಡೆಗೇ ಮುಖ ಮಾಡ್ಕೊಂಡು ನಿಂತಿರ್ತೈತೆ ಅಂತ."

"ಹೇಳಪ್ಪಾ ಅವರಿಗೆ, ಬಾಗಿಲು ತೆಗೆದರೆ ನಮಗೇನೂ ಅಭ್ಯಂತರ ಇಲ್ಲ ಅಂತ."

"ಹೇಳಪ್ಪಾ, ಮೊದಲು ಅವರ ಕಡೆ ಚಿಲಕ ತೆಗೀಲಿ ಅಂತ."

ಅವರಿಬ್ಬರ ನಡುವೆ ಎರಡಡಿ ಜಾಗ. ನಾನು ಒಳಗೆ ಫ್ಯಾಟ್ ನೋಡ್ತಾ ಇದ್ದೀನಿ, ಇಬ್ಬರಿಗೂ ನಾನೇ ಟೆಲಿಫೋನು. ಸಂಜೆ ಎರಡೂ ಕಡೆ ಚಿಲಕ ತೆಗೆದರು. ಹಸು ದಾಟುವಾಗ ಹೊಟ್ಟೆಗೆ ಚಿಲಕ ತಗುಲುತ್ತೆ ಅಂತ, ಎರಡು ದಿನ ಬಿಟ್ಟು ಬಾಗಿಲನ್ನೇ ಕಿತ್ತು ಗೋಡೆಗೆ ಒರಗಿಸಿದರು. ಹಾಲು ಅರ್ಧ ಲೀಟರ್ ಹೆಚ್ಚಾಯಿತು. ಅಳೆದವನು ನಾನೇ, ಹಾಗಾಗಿ ಅನುಮಾನ ಬೇಡ.

ಸಂತೋಷಕ್ಕೆ ನಾನು, "ಅಣ್ಣಾ, ಇನ್ನು ನೀವಿಬ್ಬರೂ ಮಾತಾಡಬಹುದಲ್ಲಾ," ಅಂದೆ.

ಅಣ್ಣ ಕಣ್ಣು ಕೆಂಪಗೆ ಮಾಡಿದರು. "ಬಾಗಿಲು ತೆಗೆದಿರೋದು ಹಸುಗಳಿಗೆ. ಬೇಕಾದ್ರೆ ಅದನ್ನೂ ಬೋರ್ಡಲ್ಲಿ ಬರಿ."

ಕಂಪ್ಲೇಂಟ್ ಬರಲಿಲ್ಲ. ಗಮನಿಸಿ.

ಕಲ್ಲೇ ದುಡ್ಡು

ಎಲ್ಲೋ ಸಮುದ್ರದ ಮಧ್ಯೆ ಒಂದು ದ್ವೀಪದಲ್ಲಿ ಗಾಡಿಚಕ್ರದಂಥ ದೊಡ್ಡ ಕಲ್ಲುಗಳೇ ದುಡ್ಡಂತೆ. ಕೈ ಬದಲಾದರೂ ಕಲ್ಲು ಇದ್ದಲ್ಲೇ ಇರುತ್ತೆ. ಒಂದು ಕಲ್ಲು ದೋಣಿಯಿಂದ ಸಮುದ್ರಕ್ಕೇ ಬಿದ್ದುಹೋದರೂ ಅದರ ಯಜಮಾನ ಸಾಹುಕಾರನೇ. ಊರು ಒಪ್ಪಿದರೆ ಸಾಕು. ಇದನ್ನ ಓದಿದ ರಾತ್ರಿ ನನಗೇ ನಿದ್ದೆ ಬರಲಿಲ್ಲ. ನಮ್ಮ ಐನೂರರ ನೋಟೂ ಅಷ್ಟೇ ಅಲ್ವಾ, ಊರು ಒಪ್ಪಿದ್ದಕ್ಕೇ ತಾನೇ ಅದು ದುಡ್ಡು? ಬೆಳಗಾಗೋದನ್ನೇ ಕಾದಿದ್ದು ಪೂರ್ತಿ ಬರೆದೆ.

ಮೀಸೆ ಮಾವ ಈ ಸಲ ಕೋಪ ಮಾಡಿಕೊಳ್ಳಲಿಲ್ಲ. ಎರಡು ಸಲ ಓದಿ, ನೆಟ್ಟಗೆ ಡೇರಿ ಎದುರಿನ ಟೀ ಅಂಗಡಿಗೆ ನಡೆದರು. ಒಂದು ಟೀ, ಎರಡು ಬೋಂಡ ಮುಗಿಸಿ, ಮೀಸೆ ಒರೆಸಿಕೊಂಡು, ಹೊಲದ ಕಡೆ ಕೈ ತೋರಿಸಿದರು.

"ಅಗೋ, ಆ ಬಂಡೆ ಕಾಣುತ್ತಾ? ನಂದು. ಅದರ ಎಡಗಡೆ ಮೂಲೆ ಇವತ್ತಿಂದ ನಿಂದು."

"ದುಡ್ಡು ಕೊಡಿ ಮಾವ."

"ಕೊಟ್ಟೆನಲ್ಲಪ್ಪಾ. ಡೇರಿ ಬೋರ್ಡಲ್ಲಿ ಬಂದೈತೆ, ಹೋಗಿ ಓದ್ಕೋ."

ಮೂರು ದಿನದಲ್ಲಿ ಆ ಬಂಡೆಯನ್ನ ಸಾಲಿನ ಅರ್ಧ ಜನ ಟೀ-ಬೋಂಡದ ಲೆಕ್ಕದಲ್ಲಿ ತಿಂದುಬಿಟ್ಟರು. ಒಬ್ಬ ನೆತ್ತಿ ಕೊಟ್ಟ, ಒಬ್ಬ ನೆರಳು ಬೀಳೋ ಜಾಗ ಕೊಟ್ಟ. ನಾಲ್ಕನೇ ದಿನ ಮೀಸೆ ಮಾವ ಮತ್ತೆ ಬಂದು ಟೀ ಕುಡಿದು, "ಬಲಗಡೆ ಮೂಲೇನೂ ನಿಂದೇ," ಅಂದರು. ಅಂಗಡಿಯವನು ಕೈ ಮುಗಿದ. "ಆ ಮೂಲೆ ದೊಡ್ಡದು ಮಾವ, ಒಂದು ಟೀಗೆ ಜಾಸ್ತಿಯಾಯ್ತು. ಚಿಲ್ಲರೆ ತಗೊಂಡು ಹೋಗಿ."

ಬೊಗಸೆ ತುಂಬಾ ಜಲ್ಲಿಕಲ್ಲು ಎತ್ತಿ ಮಾವನ ಜೇಬಿಗೆ ಸುರಿದ. ಜೇಬು ಹರಿಯಿತು. ಮಾವ ಅಂಗಡಿಯವನ ಮೇಲೆ ರೇಗಿದರು, ಅಂಗಡಿಯವನು ನನ್ನ ಮೇಲೆ ಸೆಕ್ರೆಟರಿಗೆ ಹೇಳಿದ. ಕಂಪ್ಲೇಂಟ್ ಎರಡಾಯಿತು.

ಬಿಳೀ ಗೋಂದು

ಇದು ಚಿಕ್ಕದು. ಜಾಹೀರಾತಿನ ಫೋಟೋದಲ್ಲಿ ಬಟ್ಟಲಲ್ಲಿ ಕಾಣೋ ಹಾಲು ಎಷ್ಟೋ ಸಲ ಹಾಲೇ ಅಲ್ಲ, ಬಿಳೀ ಗೋಂದು ಅಂತ ಬರೆದಿದ್ದೆ. ಹಾಲು ಹಾಕೋ ಊರಿಗೆ ಇದಕ್ಕಿಂತ ದೊಡ್ಡ ಅವಮಾನ ಬೇರೆ ಇಲ್ಲ, ಜನ ಕೆರಳುತ್ತಾರೆ ಅಂದುಕೊಂಡೆ. ಎಲ್ಲರೂ ಥೂ ಅಂದರು. ಅಜ್ಜಿ ಮಾತ್ರ ತುಂಬ ಹೊತ್ತು ಬೋರ್ಡನ್ನೇ ನೋಡಿ ಕೇಳಿದಳು:

"ಅದುಕ್ಕೆ ಫ್ಯಾಟು ಎಷ್ಟು ಬತ್ತದೆ ಮಗ?"

ನಗು

ಎರಡು ಕಂಪ್ಲೇಂಟ್ ಆದಮೇಲೆ ಸೆಕ್ರೆಟರಿ ಕರೆದು ಕೂರಿಸಿದರು. "ಇನ್ನೊಂದು ಬಂದ್ರೆ ಮುಗೀತು. ಯಾರಿಗೂ ತಗುಲದೇ ಇರೋ ಹಂಗೆ ಏನಾದ್ರೂ ಒಂದು ಜೋಕ್ ಬರಿ."

ಅದೇನು ದೊಡ್ಡ ವಿಷಯ? ಸೀಮೆಸುಣ್ಣ ತಗೊಂಡು ದಪ್ಪಕ್ಷರದಲ್ಲಿ ಬರೆದೆ: "ನಗದೇ ಇರೋರ ಹಾಲು ತಗೊಳ್ಳೋದಿಲ್ಲ."

ಬರೆದು ಮನೆಗೆ ಹೋದೆ. ನಾನು ಹೋದ ಮೇಲೆ ಸೆಕ್ರೆಟರಿಗೆ ಮೇಲಿನ ಆಫೀಸಿಂದ ಫೋನ್ ಬಂತು. ಅವರು ಅವಸರದಲ್ಲಿ ಬೋರ್ಡಿನ ಮೇಲುಭಾಗ ಒರೆಸಿ, ನನ್ನ ಅಡ್ಡಗೆರೆಯನ್ನೂ ಸೇರಿಸಿ ಒರೆಸಿ, ಹೊಸದಾಗಿ ಬರೆದರು: "ನಾಳೆ ಬೆಳಗ್ಗೆ ಸಾಹೇಬರು ತಪಾಸಣೆಗೆ ಬರುತ್ತಾರೆ. ಕ್ಯಾನು ತೊಳೆದು ತನ್ನಿ." ಅದರ ಕೆಳಗೆ, ಗೆರೆಯಿಲ್ಲದೆ, ನನ್ನ ಸಾಲು. ಎರಡನ್ನೂ ಸೇರಿಸಿ ಒಂದು ಸಲ ಓದಿಕೊಳ್ಳಿ. ಸಂಜೆ ನಾನು ಬೋರ್ಡ್ ಕಡೆ ನೋಡದೆ ಒಳಗೆ ಫ್ಯಾಟ್ ನೋಡ್ತಾ ಕೂತಿದ್ದೆ; ಹಾಲು ಹಾಕೋಕೆ ಬಂದವರೆಲ್ಲ ಹಾಗೇ ಓದಿಕೊಂಡು ಹೋದರು. ಗೆರೆ ಒರೆಸಿದ್ದು ನಾನಲ್ಲ, ಇದನ್ನ ಇಲ್ಲೇ ಹೇಳಿಬಿಡ್ತೀನಿ.

ಬೆಳಗ್ಗೆ ಸಾಹೇಬರ ಜೀಪು ಬಂತು. ಇಳಿದು ನೋಡ್ತಾರೆ, ನಲವತ್ತು ಜನ ತಳತಳ ಹೊಳೆಯೋ ಕ್ಯಾನು ಹಿಡಿದು ಸಾಲಾಗಿ ನಿಂತು ಅವರನ್ನೇ ನೋಡಿ ನಗ್ತಾ ಇದ್ದಾರೆ. ಸದ್ದಿಲ್ಲ, ಬರೀ ಹಲ್ಲು.

ಸಾಹೇಬರು ಮೊದಲು ಶರ್ಟಿನ ಗುಂಡಿ ನೋಡಿಕೊಂಡರು. ಆಮೇಲೆ ಪ್ಯಾಂಟಿನ ಜಿಪ್ಪು. ಆಮೇಲೆ ಜೀಪಿನ ಕನ್ನಡಿಯಲ್ಲಿ ಮುಖ. ಎಲ್ಲ ಸರಿಯಾಗಿತ್ತು. ತಿರುಗಿದರೆ ನಗು ಇನ್ನೂ ದೊಡ್ಡದಾಗಿತ್ತು. ಮೀಸೆ ಮಾವನಂತೂ ದವಡೆ ಹಲ್ಲೆಲ್ಲ ಕಾಣೋ ಹಾಗೆ ನಗ್ತಿದ್ದರು, ಹಿಂದಿನ ಎರಡು ಚೊಂಬೂ ಮಾಫಿ ಆಗಲಿ ಅಂತ.

"ಯಾಕಜ್ಜಿ ನಗ್ತಾ ಇದ್ದೀರಾ?" ಅಂತ ಸಾಹೇಬರು ಮೊದಲಲ್ಲಿದ್ದ ಅಜ್ಜಿಯನ್ನ ಕೇಳಿದರು.

ಅಜ್ಜಿ ನಗು ಇಳಿಸದೆಯೇ ಉತ್ತರ ಕೊಟ್ಟಳು. "ನೀವೇ ಯೋಳಿದ್ರಂತಲ್ಲಾ ಸಾಮಿ, ನಗದಿದ್ರೆ ಹಾಲು ತಗಳಲ್ಲ ಅಂತ. ನಂಗೆ ಹಲ್ಲಿಲ್ಲ. ಬರಾದು ಇಷ್ಟೇಯಾ. ಬರ್ಕಳಿ."

ಸಾಹೇಬರಿಗೆ ತಡೆಯೋಕಾಗಲಿಲ್ಲ, ನಕ್ಕುಬಿಟ್ಟರು. ಅವರು ನಕ್ಕಿದ್ದು ನೋಡಿ ಸಾಲಿನವರಿಗೆ ನಿಜವಾದ ನಗು ಬಂತು. ಸಾಲಿನ ನಡುವೆ ಅಣ್ಣ ತಮ್ಮ ಎದುರುಬದುರು ನಿಂತಿದ್ದರು. ಹಾಲು ವಾಪಸ್ ಬರಬಾರದು ಅಂತ ಅಷ್ಟು ಹೊತ್ತಿಂದ ಒಬ್ಬರ ಮುಖಕ್ಕೆ ಒಬ್ಬರು ಹಲ್ಲು ಕಿರಿದಿದ್ದರು. ಈಗ ತಮ್ಮ ಹೊಟ್ಟೆ ಹಿಡಿದುಕೊಂಡು ಬಗ್ಗಿ, "ಸಾಕು ಕಣಣ್ಣಾ, ನಿನ್ ಮುಖ ನೋಡಕ್ಕಾಗ್ತಿಲ್ಲ," ಅಂದ. ಎರಡು ವರ್ಷದಲ್ಲಿ ಅವನು ಅಣ್ಣನಿಗೆ ನೇರವಾಗಿ ಆಡಿದ ಮೊದಲ ಮಾತು ಅದು. ಅಣ್ಣ, "ನಿಂದೇನ್ ಭಾರೀ ಚೆನ್ನಾಗೈತೇನ್ಲಾ?" ಅಂದರು.

ಸಾಹೇಬರು ಕಣ್ಣು ಒರೆಸಿಕೊಂಡು ಬೋರ್ಡ್ ಓದಿದರು. "ಬರೆದೋರು ಯಾರು?"

ನಾನು ಎದೆಯುಬ್ಬಿಸಿ ಮುಂದೆ ಬಂದೆ. ಬಹುಮಾನ ಕೊಡ್ತಾರೆ ಅಂತಲೇ ಅಂದುಕೊಂಡಿದ್ದೆ.

"ಡೇರಿ ಬೋರ್ಡಲ್ಲಿ ಡೇರಿ ವಿಷಯ ಮಾತ್ರ ಇರಬೇಕು," ಅಂದರು. ಸೆಕ್ರೆಟರಿ "ಮೂರು" ಅಂದು, ಒದ್ದೆ ಬಟ್ಟೆ ತಂದು ನನ್ನ ಎರಡು ಗೇಣು ಜಾಗವನ್ನ ಒರೆಸಿಬಿಟ್ಟರು.

ಮಾರನೇ ದಿನ ಬೋರ್ಡಲ್ಲಿ ಬೂಸಾ ಬಂದಿದೆ ಅನ್ನೋದು ಬಿಟ್ಟರೆ ಏನೂ ಇರಲಿಲ್ಲ. ಅಜ್ಜಿ, "ಇವತ್ತಿಂದು ಏನ್ಲಾ ಮಗ?" ಅಂದಳು. "ಇಲ್ಲ ಅಜ್ಜಿ" ಅಂದೆ. ಅದರ ಮಾರನೇ ದಿನವೂ ಕೇಳಿದಳು, ಇಲ್ಲ ಅಂದೆ. ಮೀಸೆ ಮಾವ ಬಂದು ಖಾಲಿ ಜಾಗವನ್ನೇ ಎರಡು ಸಲ ಓದಿ, "ಯಾಕೋ ಬೈಸ್ಕೊಳ್ಳದೇ ಬೆಳಗಾದಂಗೇ ಅನ್ನಿಸ್ತಿಲ್ಲ," ಅಂದರು. ನಾನು ಒಳಗೆ ತಲೆ ತಗ್ಗಿಸಿಕೊಂಡು ಫ್ಯಾಟ್ ನೋಡ್ತಿದ್ದೆ. ನಾನು ತಲೆ ತಗ್ಗಿಸಿದ್ದು ಅದೇ ಮೊದಲು.

ನಾಲ್ಕನೇ ದಿನ ಬೆಳಗ್ಗೆ ಅಣ್ಣ ಒಂದು ಕಡೆ, ತಮ್ಮ ಒಂದು ಕಡೆ ಹಿಡಿದುಕೊಂಡು, "ನಿಧಾನ ಕಣ್ಲಾ", "ನೀನ್ ನೆಟ್ಟಗೆ ಹಿಡಿಯಣ್ಣಾ" ಅಂತ ಬೈದಾಡಿಕೊಂಡು ಭಾರದ್ದೊಂದು ಹೊತ್ತು ತಂದರು. ಡೇರಿ ಗೋಡೆಗಲ್ಲ, ರಸ್ತೆಯಾಚೆ ಟೀ ಅಂಗಡಿ ಗೋಡೆಗೆ ಒರಗಿಸಿದರು. ಅಲ್ಲಿ ಸಾಹೇಬರ ಆರ್ಡರ್ ನಡೆಯೋದಿಲ್ಲ. ಅಂಗಡಿಯವನು ಜಾಗ ಕೊಟ್ಟ. ಸೀಮೆಸುಣ್ಣದ ಡಬ್ಬಿ ಕೊಟ್ಟವರು ಸೆಕ್ರೆಟರಿ, ಯಾರಿಗೂ ಹೇಳಬೇಡ ಅಂದಿದ್ದಾರೆ.

ಅವರು ಹೊತ್ತು ತಂದು ನನಗೆ ಕೊಟ್ಟಿದ್ದು ಅಂಗಳದ ಗೋಡೆಯಿಂದ ಕಿತ್ತ ಆ ಬಾಗಿಲು. ಒಂದು ಕಡೆಗೆ ಕಪ್ಪು ಬಣ್ಣ ಹೊಡೆದಿದ್ದರು. ಎರಡೂ ಚಿಲಕ ಹಾಗೇ ಇವೆ.